ನಮ್ಮನಿ ವಾಯರಿನ್ಯಾಗ ಮುತ್ಯಾ

ನಮ್ಮ ಮನಿಯೊಳಗ ಇಂಥಾವು ಆಗತಾನ ಇರತಾವು. ದೆವ್ವ ಬಂದರೂ ನನ್ನ ಹೆಸರು, ಬರದಿದ್ದರೂ ನನ್ನ ಹೆಸರು. ಸಾಲಿ ಅರ್ಧಕ್ಕ ಬಿಟ್ಟ ಕಿಡಿಗೇಡಿ ಅಂತ ರೋಣದಾಗ ಯಾರ ಮನಿ ಬಾಗಿಲ ತಾನಾಗೇ ಬಡಕೊಂಡರೂ ಜನ ಮೊದಲು ನನ್ನ ಕಡೆ ನೋಡತಾರ. ಆದರ ನಮ್ಮ ಮನಿ ದೆವ್ವ ನಾನಲ್ಲ.

೧. ಫ್ರಿಜ್ ಹ್ಞೂಂ ಅಂದದ್ದು

ಅವ್ವ ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡತಾಳ. ಅದಕ್ಕಂತ ಹಿಟ್ಟು ನಾದೋ ಮಷೀನ್ ತಂದಳು. ಮನಿ ವಾಯರಿಂಗ್ ಮಾತ್ರ ಮುತ್ಯಾ ಇದ್ದಾಗ ಎಳಿಸಿದ್ದು, ಬಲ್ಬು ಫ್ಯಾನಿಗಷ್ಟ. ಅದೇ ವಾಯರಿಗೆ ಈಗ ಫ್ರಿಜ್, ಮಿಕ್ಸರ್, ನಳದ ನೀರು ಎಳಿಯೋ ಮೋಟಾರ್, ಈ ಮಷೀನ್, ಎಲ್ಲಾ ಜೋತು ಬಿದ್ದಾವ.

ಒಂದು ಸಂಜಿ ದೀಪ ಹಚ್ಚೋ ಹೊತ್ತಿಗೆ ಅವ್ವ ಮಿಕ್ಸರ್ ಒತ್ತಿದಳು. ಪಡಸಾಲಿ ಬಲ್ಬು ಕೆಂಪಗಾತು. ಫ್ಯಾನ್ ಉಸಿರು ಬಿಗಿ ಹಿಡಿದಂಗ ನಿಧಾನ ಆತು. ಮುತ್ಯಾನ ಫೋಟೋದ ಕೆಳಗಿದ್ದ ಫ್ರಿಜ್ ಒಮ್ಮೆ ಮೈ ನಡುಗಿಸಿ "ಹ್ಞೂಂ..." ಅಂತು.

ಆಯಿ ಬತ್ತಿ ಹಿಡಕೊಂಡ ಕೈ ಹಂಗೇ ನಿಲ್ಲಿಸಿ ಫೋಟೋ ನೋಡಿದಳು. "ಹ್ಞೂಂ ಅಂದ್ರು."

"ಯಾರಬೇ?" ಅಂದೆ.

"ನಿಮ್ಮ ಮುತ್ಯಾ. ಬದುಕಿದ್ದಾಗ ನಾ ಏನ ಕೇಳಿದ್ರೂ ಅಷ್ಟ ಅಂತಿದ್ರು."

ಅವ್ವ ಅಡಗಿಮನ್ಯಾಗಿಂದ ಒದರಿದಳು, "ಅತ್ತೀ, ಅದು ಫ್ರಿಜ್ಜಿನ ಸಪ್ಪಳರಿ!"

"ಇದ್ದೀತು. ಅವರೂ ಒಳಗ ತಣ್ಣಗ ಇರತಿದ್ರು."

ಮರುದಿನದಿಂದ ಫ್ರಿಜ್ಜಿನ ಮ್ಯಾಲೆ ಮುತ್ಯಾಗ ಎಡಿ. ಹೋಳಿಗಿ ಇಟ್ಟ ದಿನ ತಾಟು ಲಗೂ ಖಾಲಿ, ಉಪ್ಪಿಟ್ಟು ಇಟ್ಟ ದಿನ ಹಂಗೇ ಇರತಿತ್ತು. "ಸತ್ತರೂ ನಾಲಿಗಿ ರುಚಿ ಹೋಗಿಲ್ಲ ನೋಡು" ಅಂತ ಆಯಿ ಕಣ್ಣೀರು ಒರಸಿಕೊಂಡಳು. ನಾನೂ ಬಾಯಿ ಒರಸಿಕೊಂಡೆ.

೨. ಯಾರೋ ಹಿಟ್ಟು ನಾದಿದ್ದು

ರೊಟ್ಟಿ ಬಡಿಯಾಕ ಇಬ್ಬರು ಹೆಣ್ಮಕ್ಕಳು ಬರತಿದ್ದರು. ಒಬ್ಬಾಕಿ ನರಗುಂದದಾಕಿ, ಇನ್ನೊಬ್ಬಾಕಿ ಸವಡಿಯಾಕಿ. ಇವರಿಲ್ಲಂದರ ಅವ್ವನ ಧಂದೆ ಬಂದ್.

ಒಂದಿನ ಮಧ್ಯಾಹ್ನ ನಳ ಬಂತು. ಅವ್ವ ನೀರಿನ ಮೋಟಾರ್ ಚಾಲು ಮಾಡಿದ್ದೇ ತಡ, ಹಿಟ್ಟಿನ ಮಷೀನ್ ಗುಂಯ್ ಅಂತ ನರಳಿ ನಿಂತುಬಿಟ್ಟಿತು. "ಇರಲಿ, ಉಂಡು ನೋಡೂಣು" ಅಂತ ಎಲ್ಲಾರೂ ಹಿತ್ತಲಕ್ಕ ಹೋದರು. ಮಷೀನಿನ ಬಟನ್ ಬಂದ್ ಮಾಡೋದು ಯಾರಿಗೂ ನೆನಪಾಗಲಿಲ್ಲ.

ನರಗುಂದದಾಕಿ ಮೊದಲು ಉಂಡು ಒಬ್ಬಾಕೀನ ರೊಟ್ಟಿ ಬಡಿಯೋ ಕೋಣಿಗೆ ಬಂದು, ಪರಾತದಾಗಿನ ಹಿಟ್ಟಿಗೆ ಕೈ ಹಾಕಿದಳು. ಕೋಣ್ಯಾಗ ಒಂದು ಇಲಿ ಸಪ್ಪಳಾನೂ ಇಲ್ಲ. ಅಷ್ಟರಾಗ ಬೆನ್ನ ಹಿಂದ ಮಷೀನಿನ ಕೈ ಮೆಲ್ಲಕ ಒಂದು ಸುತ್ತು ತಿರುಗಿತು. ನಿಂತಿತು. ಮತ್ತ ತಿರುಗಾಕ ಹತ್ತಿತು, ಯಾರೋ ಸಮಾಧಾನದಿಂದ ಕುಂತು ನಾದಿದಂಗ.

ಹಿಟ್ಟಿನ ಕೈಲೇ ಓಡಿದಾಕಿ ಸ್ಟ್ಯಾಂಡಿನ್ಯಾಗ ನಿಂತಿದ್ದ ಬಸ್ ಹತ್ತಿದಳಂತ.

"ಎಲ್ಲಿಗ್ರೀ ಅಕ್ಕಾರ?" ಅಂದ ಕಂಡಕ್ಟರ್.

"ದೆವ್ವ ಇಲ್ಲದ ಊರಿಗೆ ಒಂದು ಕೊಡ್ರಿ."

"ಅಲ್ಲೀತನಕ ಹೋಗೂದಿಲ್ರೀ ಇದು. ನರಗುಂದಕ್ಕ ಲಾಸ್ಟು."

೩. ಬಿಡಸಾಕ ಬಂದಾವ

ಸವಡಿಯಾಕಿ ಅವ್ವಗ ಖಡಕ್ಕಾಗಿ ಹೇಳಿದಳು, "ಇನ್ನೊಮ್ಮೆ ಇದು ತಾನಾಗೇ ತಿರುಗಿದ್ರ ನಾನೂ ಬರಾಂಗಿಲ್ರೀ." ಅವ್ವನ ಮಾರಿ ಸಣ್ಣದಾತು. ತನ್ನ ಒಬ್ಬಾಕಿ ಕೈಲೇ ಅಷ್ಟೂ ಖಾನಾವಳಿಗೆ ರೊಟ್ಟಿ ಆಗತಾವೇನು?

ಆಯಿ ಕೊಣ್ಣೂರ ಕಡೆಯಿಂದ ದೆವ್ವ ಬಿಡಸಾವನ್ನ ಕರಸಿದಳು. ಆತ ಪಡಸಾಲ್ಯಾಗ ನಿಂಬಿಹಣ್ಣು ಇಟ್ಟು, ಕಣ್ಣು ಮುಚ್ಚಿ, ದನಿ ದಪ್ಪ ಮಾಡಿ ಕೇಳಿದ, "ಈ ಮನ್ಯಾಗ ಇದ್ದದ್ದು ಖರೇ ಆದ್ರ ಒಂದ ಗುರುತು ತೋರಿಸು!"

ಆ ಗಳಿಗ್ಯಾಗ ಹಿತ್ತಲದಾಗ ಮತ್ತ ನಳ ಬಂತು. ಒಳಗಿನ ಪೂಜಿ ಅವ್ವಗ ಏನು ಗೊತ್ತು, ಮೋಟಾರ್ ಹಚ್ಚಿದಳು. ಬಲ್ಬು ಬೂದಿ ಮುಚ್ಚಿದ ಕೆಂಡದಂಗ ಆತು. ಫ್ಯಾನ್ ನಿಂತಿತು. ಫ್ರಿಜ್ ಹಿಂದೆಂದೂ ಇಲ್ಲದಷ್ಟು ಉದ್ದ "ಹ್ಞೂಂ..." ಅಂತು.

ತಿರುಗಿ ನೋಡತೀವಿ, ಆತ ಇಲ್ಲ. ದೆವ್ವ ಬಿಡಸಾಕ ಬಂದಾವ ಚಪ್ಪಲಿ ಬಿಟ್ಟು ಹೋಗಿದ್ದ.

೪. ಮುತ್ಯಾನ ಒಪ್ಪಿಗಿ

ಕಡೀಕ ಅವ್ವ ಗಜೇಂದ್ರಗಡದಿಂದ ವಾಯರಿಂಗ್ ಕಾಕಾನ ಕರಸಿದಳು. ಆತ ಬೋರ್ಡ್ ಬಿಚ್ಚಿ ತಲಿ ಬಡಕೊಂಡ. "ಒಂದ ಎತ್ತಿಗೆ ಎಷ್ಟ ಬಂಡಿ ಹೂಡೀರಬೇ ಯವ್ವಾ? ನೀರಿನ ಮೋಟಾರ್ ಏಳೂಮುಂದ ಉಳಿದಾವು ಉಪವಾಸ ಬೀಳತಾವು. ಮಷೀನ್ ಕಾದು ನಿಲ್ಲತೈತಿ, ಆರಿದ ಮ್ಯಾಲೆ ತಾನ ಏಳತೈತಿ. ಮಷೀನಿಗೊಂದು, ನೀರಿನ ಮೋಟಾರಿಗೊಂದು, ಅಡಗಿಮನಿಗೊಂದು, ಬ್ಯಾರೆ ಬ್ಯಾರೆ ವಾಯರ್ ಎಳೀಬೇಕು."

ಆಯಿ ಎದ್ದು ಬಂದಳು. "ಬ್ಯಾರೆ? ಈ ಮನ್ಯಾಗ ಅಣ್ಣತಮ್ಮರು ಸುದ್ದಾ ಬ್ಯಾರೆ ಆಗಿಲ್ಲ. ಹಿರ್ಯಾರನ್ನ ಕೇಳದ ಪಾಲ ಮಾಡಾಕ ನೀ ಯಾರು?"

"ಯಾರ್ನ ಕೇಳೂದ್ರೀ?"

ಆಯಿ ಫ್ರಿಜ್ ತೋರಿಸಿದಳು. ಕಾಕಾ ಫ್ರಿಜ್ ನೋಡಿದ, ಅವ್ವನ್ನ ನೋಡಿದ, ಸ್ಕ್ರೂ ಡ್ರೈವರ್ ಕಿಸೇದಾಗ ಇಟ್ಟುಕೊಂಡ.

ಅವ್ವ ನನ್ನ ಕಡೆ ತಿರುಗಿದಳು. ಹುಟ್ಟಿದಾಗಿಂದ ನನಗ "ಬ್ಯಾಡ" ಅಂತ ಹೇಳಿದ ಕಣ್ಣು ಆವತ್ತು "ನಡಿ" ಅಂತು. ನಾ ಅಡಗಿಮನಿಗೆ ಹೋಗಿ ಮಿಕ್ಸರ್ ಮ್ಯಾಲೆ ಕೈ ಇಟ್ಟು ನಿಂತೆ.

ಪಡಸಾಲ್ಯಾಗ ಆಯಿ ಕೈ ಮುಗಿದಳು. "ಏನ್ರೀ, ಎಲ್ಲಾರನೂ ಬ್ಯಾರೆ ಮಾಡ್ಲೇನ್ರಿ?"

ಬಲ್ಬು ಕೆಂಪಗಾತು. "ಹ್ಞೂಂ..."

"ಒಪ್ಪಿದ್ರು" ಅಂದಳು ಆಯಿ. "ಎಳಿಯಪಾ ವಾಯರು."

೫. ಖಾಲಿ ಮಣಿ

ವಾಯರ್ ಎಳೆದ ಮರುದಿನ ಸವಡಿಯಾಕಿ ಬಂದು ಮಷೀನಿನ ಬಾಜೂಕ ಕಟ್ಟಿಗಿ ಮಣಿ ಮ್ಯಾಲೆ ಕುಂತಳು. ನೀರಿನ ಮೋಟಾರ್ ಹಚ್ಚಿದರೂ ಮಷೀನ್ ನಿಲ್ಲಲಿಲ್ಲ. ಬಲ್ಬು ಮಿಣುಕಲಿಲ್ಲ. ಫ್ರಿಜ್ ತುಟಿ ಬಿಚ್ಚಲಿಲ್ಲ. ಮನಿ ಅಂಬೋದು ಹೆಣ ಎತ್ತಿದ ಮ್ಯಾಲಿನ ಮನಿಯಂಗ ಗಪ್ಪಗಾಗಿತ್ತು.

ಆಕಿ ಒಂದೆರಡು ರೊಟ್ಟಿ ಬಡಿದು ಕೈ ನಿಲ್ಲಿಸಿದಳು. "ಅಕ್ಕಾರ, ಇವತ್ತ ಏನೂ ಆಗವಲ್ದು. ನನಗ ಅಂಜಿಕಿ ಬರಾಕತ್ತೈತ್ರಿ."

ಆಯಿ ಬಾಗಿಲದಾಗ ಕುಂತು ಸಮಾಧಾನ ಹೇಳಿದಳು, "ಅಂಜಬ್ಯಾಡ ನಮ್ಮವ್ವ. ಮನಿ ಪಾಲ ಆತಲ್ಲ, ಅವರ ಪಾಲಿಗೆ ಈ ಕೋಣಿ ಬಂದೈತಿ. ಅಲ್ಲೇ ನಿನ್ನ ಬಾಜೂಕ ಕುಂತಾರ."

ಅವ್ವ ಹಿಟ್ಟಿನ ಉಂಡಿ ಹಿಡಕೊಂಡು ಕಲ್ಲಾದಳು. ಈಕಿನೂ ಓಡಿದರ ಮುಗೀತು.

ಸವಡಿಯಾಕಿ ಬಾಜೂಕ ನೋಡಿದಳು. ಭಾಳ ಹೊತ್ತು ನೋಡಿದಳು. ಆಮ್ಯಾಲೆ ತಲಿ ಮ್ಯಾಲೆ ಸೆರಗು ಎಳಕೊಂಡು, ಸ್ವಲ್ಪ ಅತ್ತ ಸರಿದು, ಇನ್ನೊಂದು ಮಣಿ ಹಾಕಿ ಅಂದಳು, "ನೆಲದ ಮ್ಯಾಲೆ ಯಾಕ್ರೀ ಯಜಮಾನ್ರ, ಮ್ಯಾಲೆ ಕುಂದರ್ರಿ." ಮತ್ತ ರೊಟ್ಟಿ ಬಡಿಯಾಕ ಹತ್ತಿದಳು.

ಈಗ ರೊಟ್ಟಿ ಚಲೋ ನಡದೈತಿ. ಆ ಮಣಿ ಮಾತ್ರ ಖಾಲಿ ಇರತೈತಿ, ಯಾರೂ ಕುಂದರೂದಿಲ್ಲ. ಮೊನ್ನೆ ಸವಡಿಯಾಕೀನ ಅಂಜಸೂಣಂತ, ಆಕಿ ಬರೂಕ ಮೊದಲ ನಾನ ಹೋಗಿ ಕುಂತೆ. ಕುಂತಾವ ಹಂಗೇ ಜಿಗಿದು ಎದ್ದೆ. ಮಣಿ ಬೆಚ್ಚಗಿತ್ತು.

ಕಾಕಾಗ ಫೋನ್ ಹಚ್ಚಿ ಕೇಳಿದೆ. ಬಿದ್ದು ಬಿದ್ದು ನಕ್ಕ. "ಲೇ ಹುಚ್ಚ, ಮಷೀನಿನ ಮೋಟಾರ್ ಕಾದಿರತೈತಿ, ಅದರ ಬಿಸಿ ತಾಗಿರತೈತಿ."

ಹೌದಂತ ಫೋನ್ ಇಟ್ಟೆ. ಆವತ್ತು ಮುಂಜಾನಿಯಿಂದ ಊರಾಗ ಕರೆಂಟ್ ಇರಲಿಲ್ಲ.