ರುದ್ರಮುನಿಯಪ್ಪ ಅಂದರೆ ಯಾರು?

ಶನಿವಾರ ಬೆಳಿಗ್ಗೆ ಸಿದ್ದಲಿಂಗೇಶ್ ಹಲ್ಲುಜ್ಜುತ್ತಿರುವಾಗ ಫೋನು ಬಂತು. ಮಾರೇನಹಳ್ಳಿಯಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ಐಶ್ವರ್ಯ.

"ಸಾರ್, ನಿಮ್ಮ ಕಾದಂಬರಿ ಪ್ರೂಫು ಸಿಕ್ತಾ? ನಿನ್ನೆ ಸಾಯಂಕಾಲ ನಿಮ್ಮನೆಗೆ ಬಂದಿದ್ದೆ. ಬೀಗ ಹಾಕಿತ್ತು. ಅದಕ್ಕೇ ಮೇಲಿನ ಮನೆ ಅಂಕಲ್ ಕೈಲಿ ಕೊಟ್ಟು ಹೋದೆ."

"ಯಾರ ಕೈಲಿ?"

"ನಿಮ್ಮ ಓನರ್ರು ಸಾರ್, ಅಂಜಿನಯ್ಯ ಅಂಕಲ್. ಕಾದಂಬರಿನಾ, ಕೊಡಮ್ಮ ನಾನೂ ಒಂದು ಕಣ್ಣು ಹಾಯಿಸ್ತೀನಿ ಅಂತ ಖುಷಿಯಾಗಿ ಇಸ್ಕೊಂಡ್ರು."

ಸಿದ್ದಲಿಂಗೇಶ್ ಬಾಯಲ್ಲಿದ್ದ ಪೇಸ್ಟನ್ನು ನುಂಗಿಬಿಟ್ಟ.

ಪಾಪ, ನುಂಗದೆ ಏನು ಮಾಡಿಯಾನು? ಆರು ವರ್ಷದಿಂದ ಅವನು ಒಂದೇ ಕಾದಂಬರಿ ಬರೆಯುತ್ತಿದ್ದ. ಮೊದಲ ಐದು ವರ್ಷ ಅದರ ಖಳನಾಯಕ ರುದ್ರಮುನಿಯಪ್ಪ ಏನು ಮಾಡಿದರೂ ಎದ್ದು ನಿಲ್ಲುತ್ತಿರಲಿಲ್ಲ. ಅವನಿಗೆ ಚಿನ್ನದ ಹಲ್ಲು ಕಟ್ಟಿಸಿ ನೋಡಿದ, ಕೈಗೆ ಪಿಸ್ತೂಲು ಕೊಟ್ಟು ನೋಡಿದ, ಇಬ್ಬರು ರೌಡಿಗಳನ್ನು ಜೊತೆಗೆ ಬಿಟ್ಟ. ಉಹೂಂ. ಮನುಷ್ಯ ಪುಟದ ಮೇಲೆ ತೊಯ್ದ ಹಪ್ಪಳದ ಹಾಗೆ ಬಿದ್ದೇ ಇರುತ್ತಿದ್ದ. ಹೋದ ವರ್ಷ ಒಂದು ದಿನ ಟೆರೇಸಿನ ಮೇಲೆ ನೀರಿನ ಟ್ಯಾಂಕು ತೊಳೆಸುವಾಗ, ಮನೆ ಮಾಲೀಕರಾದ ಅಂಜಿನಯ್ಯನವರು ಯಾವುದೋ ಖುಷಿಯಲ್ಲಿ ಸಿದ್ದಲಿಂಗೇಶನ ಕಿವಿಯಲ್ಲಿ ಒಂದು ಗುಟ್ಟು ಹೇಳಿದರು. ಕೆಂಗೇರಿಯಲ್ಲಿ ತಾವೊಂದು ಸೈಟು ತೆಗೆದುಕೊಂಡು ಹನ್ನೆರಡು ವರ್ಷವಾಯಿತು, ಹೆಂಡತಿ ಗುರವ್ವನಿಗೆ ಗೊತ್ತೇ ಇಲ್ಲ, ಗೊತ್ತಾದರೆ ತನ್ನ ತಮ್ಮನಿಗೆ ಬರೆಸಿಕೊಡುತ್ತಾಳೆ, ನೀವು ಯಾರ ಹತ್ತಿರವೂ ಬಾಯಿ ಬಿಡಬೇಡಿ.

ಸಿದ್ದಲಿಂಗೇಶ್ ಬಾಯಿ ಬಿಡಲಿಲ್ಲ. ಕೆಳಗಿಳಿದು ಬಂದು ಒಂದೇ ಏಟಿಗೆ ಹನ್ನೊಂದು ಪುಟ ಬರೆದ. ರುದ್ರಮುನಿಯಪ್ಪ ಎದ್ದು ಕೂತ, ಕೆಮ್ಮಿದ, ಹೆಂಡತಿಗೆ ಸುಳ್ಳು ಹೇಳಿದ. ಆಮೇಲೆ ತಡೆಯೇ ಇಲ್ಲ. ಪಕ್ಕದವರ ಪೇಪರನ್ನು ಮೊದಲು ತಾನು ಓದಿ ಮಡಿಸಿಡುವುದು, ಪಪ್ಪಾಯಿ ಕೊಳೆತ ಕಡೆ ಕೊಯ್ದು ಪ್ರೀತಿಯಿಂದ ನೆರೆಮನೆಗೆ ಕಳಿಸುವುದು, ಅಂಜಿನಯ್ಯನವರು ಮಾಡಿದ್ದೆಲ್ಲ ಬಿಸಿಬಿಸಿಯಾಗಿ ಕಾದಂಬರಿಗೆ ಹೋಯಿತು.

ಗುರುತು ಸಿಗಬಾರದು ನೋಡಿ, ಅದಕ್ಕೆ ವೇಷವನ್ನೂ ಹಾಕಿದ. ಅಂಜಿನಯ್ಯನವರ ಗಿರಿಜಾ ಮೀಸೆ ಬೋಳಿಸಿದ. ಆರಡಿ ಆಳನ್ನು ಗಿಡ್ಡ ಮಾಡಿದ. ಮಹಡಿ ಮನೆಯಿಂದ ಇಳಿಸಿ ಕೆಳಗಿನ ಬಾಡಿಗೆ ಮನೆಯಲ್ಲಿಟ್ಟ, ಸರ್ಕಾರಿ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಗುಮಾಸ್ತಿಕೆ ಕೊಟ್ಟ, ಮೂಗಿನ ಮೇಲೆ ದಾರ ಕಟ್ಟಿದ ಕನ್ನಡಕ ಇಟ್ಟ. ಕೈಗೆ ಹತ್ತಿರ ಸಿಕ್ಕಿದ್ದನ್ನೆಲ್ಲ ತೊಡಿಸಿ, ಇನ್ನು ಹೆತ್ತ ತಾಯಿಯೂ ಗುರುತು ಹಿಡಿಯಲಾರಳು ಎಂದು ನೆಮ್ಮದಿಯಾಗಿದ್ದ. ಆದರೆ ಆ ಟೆರೇಸಿನ ಗುಟ್ಟು ಗೊತ್ತಿದ್ದವರು ಪ್ರಪಂಚದಲ್ಲಿ ಇಬ್ಬರೇ. ಆ ಇನ್ನೊಬ್ಬರ ಕೈಗೇ ಈಗ ಪ್ರೂಫು ಹೋಗಿ ಕೂತಿತ್ತು.

ಸೋಮವಾರಕ್ಕೆ ಬಾಡಿಗೆ ಕರಾರು ಬೇರೆ ಮುಗಿಯುತ್ತಿತ್ತು. ಗೋವಿಂದರಾಜನಗರದಲ್ಲಿ ಕಾವೇರಿ ನೀರು, ಹತ್ತು ನಿಮಿಷ ನಡೆದರೆ ಮೆಟ್ರೋ, ಒಂಬತ್ತು ವರ್ಷದ ಹಳೇ ಬಾಡಿಗೆ. ಇದು ಹೋದರೆ ಇನ್ನೊಂದು ಸಿಗುವ ಮಾತೇ ಇರಲಿಲ್ಲ. ಸಿದ್ದಲಿಂಗೇಶ್ ಬಾಯಿ ಮುಕ್ಕಳಿಸಿದವನೇ ಮೆಟ್ಟಿಲು ಹತ್ತಿದ.

ಬಾಗಿಲು ತೆಗೆದವರು ಗುರವ್ವ.

"ಆ ಹಾಳೆಗಳಾ? ರಾತ್ರಿಯೆಲ್ಲಾ ಅದನ್ನೇ ಓದ್ತಾ ಕೂತಿದ್ರು ಕಣಪ್ಪ."

"ನಗ್ತಾ ಇದ್ರಾ ಅಮ್ಮಾ?"

"ಮೊದಮೊದಲು ನಗ್ತಿದ್ರು. ಆಮೇಲೆ ಸುಮ್ಮನಾಗ್ಬಿಟ್ರು. ಬೆಳಿಗ್ಗೆ ಕಾಫಿನೂ ಕುಡೀಲಿಲ್ಲ, ಎಲ್ಲಾ ಚೀಲಕ್ಕೆ ತುಂಬ್ಕೊಂಡು ಪಾರ್ಕ್ ಕಡೆ ಹೋದ್ರು. ಯಾಕಪ್ಪ, ಏನಾದ್ರೂ ದುಃಖದ ಕತೆನಾ?"

"ಹೂಂ ಅಮ್ಮಾ, ಕೊನೆಗೆ ದುಃಖಾನೇ," ಎಂದು ಸಿದ್ದಲಿಂಗೇಶ್ ಪಾರ್ಕಿಗೆ ಓಡಿದ.

ಪಾರ್ಕಿನಲ್ಲಿ ಅಂಜಿನಯ್ಯನವರು ಇರಲಿಲ್ಲ. ಅವರ ವಾಕಿಂಗ್ ಬಳಗದ ಕಾರ್ಯದರ್ಶಿ, ನಿವೃತ್ತ ಬ್ಯಾಂಕ್ ಮ್ಯಾನೇಜರ್ ಮೋಹನ್ ಕುಮಾರ್ ಕಲ್ಲುಬೆಂಚಿನ ಮೇಲೆ ಕೂತಿದ್ದರು. ತೊಡೆಯ ಮೇಲೆ ಇನ್ನೂರು ಹಾಳೆ, ಗಾಳಿಗೆ ಹಾರದಿರಲೆಂದು ಅದರ ಮೇಲೆ ಒಂದು ಶೂ.

"ಬನ್ನಿ ಬನ್ನಿ ಸಾಹಿತಿಗಳೇ! ಅಂಜಿನಯ್ಯ ಈಗ ತಾನೇ ಕೊಟ್ಟು ಹೋದ್ರು. ಈ ರುದ್ರಮುನಿಯಪ್ಪ ಅಂದ್ರೆ ಯಾರು ಅಂತ ಓದಿ ನೀವೇ ಹೇಳಿ ಅಂದ್ರು. ಹತ್ತು ಪುಟಕ್ಕೇ ಗೊತ್ತಾಗೋಯ್ತು ಸಾರ್ ನನಗೆ."

"ಯಾ… ಯಾರು?"

"ಹೆಸರು ಯಾಕೆ ಬಿಡಿ, ನಿಮಗೂ ಗೊತ್ತು, ನನಗೂ ಗೊತ್ತು." ಮೋಹನ್ ಕುಮಾರ್ ಅವನ ಕೈ ಹಿಡಿದು ಒತ್ತಿದರು. "ಧೈರ್ಯ ಸಾರ್ ನಿಮ್ಮದು! ಇದನ್ನ ಬರೆದ ಮೇಲೂ ಇದೇ ಬೀದೀಲಿ ಓಡಾಡಬೇಕಲ್ಲ."

ಹಾಳೆ ಕೊಡಿ ಎಂದರೆ, ಮುಗಿಸದೆ ಕೊಡುವುದಿಲ್ಲ ಎಂದು ಶೂ ಹಾಕಿಕೊಂಡು ಹೊರಟೇಹೋದರು.

ಬೀದಿಯ ತಿರುವಿನಲ್ಲಿ ಇಸ್ತ್ರಿ ಗಾಡಿಯ ದ್ಯಾಮಪ್ಪ ಅವನನ್ನು ಕಂಡವನೇ ಇಸ್ತ್ರಿಪೆಟ್ಟಿಗೆ ಎತ್ತಿಟ್ಟ. ಕೊಪ್ಪಳದ ಕಡೆಯವನು, ಮನಸ್ಸಿನಲ್ಲಿ ಒಂದು ಹೊರಗೆ ಒಂದು ಇಟ್ಟುಕೊಂಡವನಲ್ಲ.

"ಸರ, ಓನರ ಸಾಹೇಬ್ರು ಇಲ್ಲೇ ನಿಂತು ಎರಡು ಅಧ್ಯಾಯ ಓದಿ ಹೇಳಿದ್ರು ನೋಡ್ರಿ. ಕೊಳತ ಪಪ್ಪಾಯಿ ಕೊಡೂದಂತ, ಹೆಂಡ್ತಿಗೆ ಹೇಳಲಾರದ ಸೈಟ್ ಮಾಡೂದಂತ! ಇಂಥಾ ಮನಷ್ಯಾನ ಕೂಡ ಆ ಅಕ್ಕಾರು ಹ್ಯಾಂಗ ಬಾಳೇ ಮಾಡ್ಯಾರ್ರೀ?"

"ಅದು ಬರೀ ಕತೆ ದ್ಯಾಮಪ್ಪ."

"ಕತಿ ಅಂತ ನೀವು ಅನಬೇಕ್ರಿ, ನಾವು ಕೇಳಬೇಕ್ರಿ," ಎಂದು ದ್ಯಾಮಪ್ಪ ಅವನನ್ನೇ ಮೇಲಿಂದ ಕೆಳಗೆ ನೋಡಿ ಮತ್ತೆ ಇಸ್ತ್ರಿಗೆ ಕೈ ಹಾಕಿದ.

ಸರಿ, ಇಡೀ ಬೀದಿಗೇ ಗೊತ್ತಾಗಿದೆ. ಸಿದ್ದಲಿಂಗೇಶ್ ವಿದ್ಯುತ್ ಕಂಬಕ್ಕೆ ಒರಗಿ ಐಶ್ವರ್ಯಳಿಗೆ ಫೋನು ಮಾಡಿದ.

"ಏನಮ್ಮಾ, ಕಾದಂಬರಿಯಿಂದ ರುದ್ರಮುನಿಯಪ್ಪನ್ನ ಪೂರ್ತಿ ತೆಗೆದುಹಾಕಿದ್ರೆ ಎಷ್ಟು ಪುಟ ಉಳಿಯುತ್ತೆ?"

ಆ ಕಡೆ ಕೀಲಿಮಣೆ ಟಕಟಕ ಎಂದಿತು. "ಅರ್ಪಣೆ, ಮುನ್ನುಡಿ, ಆಮೇಲೆ ಒಂದು ಮಳೆ ಸೀನು ಇದೆ ಸಾರ್. ಒಟ್ಟು ಒಂಬತ್ತು ಪುಟ."

"ಮಿಕ್ಕ ಪಾತ್ರಗಳೆಲ್ಲಾ?"

"ಅವರೆಲ್ಲಾ ಇದಾರೆ ಸಾರ್. ಆದ್ರೆ ಅವರು ಮಾತಾಡೋದೆಲ್ಲಾ ಅವನ ವಿಷಯಾನೇ."

ಆರು ವರ್ಷದ ಶ್ರಮ ಒಂಬತ್ತು ಪುಟಕ್ಕೆ ಬಂದು ನಿಂತಾಗ ಅವನಿಗೆ ನಿಜವಾಗಿಯೂ ಅಳು ಬಂತು. ಮನೆ ಬಿಟ್ಟರೆ ಕಾದಂಬರಿ, ಕಾದಂಬರಿ ಬಿಟ್ಟರೆ ಮನೆ. ಮಧ್ಯಾಹ್ನದವರೆಗೂ ಲೆಕ್ಕ ಹಾಕಿ, ಅಂಜಿನಯ್ಯನವರ ಕಾಲಿಗೆ ಬಿದ್ದು ಪ್ರೂಫನ್ನು ಅವರೆದುರೇ ಸುಟ್ಟುಹಾಕುವುದೆಂದು ತೀರ್ಮಾನಿಸಿದ.

ಅಷ್ಟರಲ್ಲಿ ನಾಗರಬಾವಿಯ ತಂಗಿ ಮನೆಗೆ ಹೋಗಿದ್ದ ಹೆಂಡತಿ ನೀಲಗಂಗಮ್ಮ ವಾಪಸು ಬಂದಳು. ಬಂದವಳು ಗುರವ್ವ ಕರೆದರೆಂದು ಮೊದಲು ಮಹಡಿಗೆ ಹೋಗಿ, ಒಂದು ಗಂಟೆ ಬಿಟ್ಟು ಇಳಿದಳು. ತಟ್ಟೆಯನ್ನು ಅವನ ಮುಂದೆ ಕುಕ್ಕಿದಳು. ಮನೆ ಖಾಲಿ ಮಾಡಿ ಎಂದಿರಬೇಕು ಎಂದುಕೊಂಡು ಸಿದ್ದಲಿಂಗೇಶ್ ತಲೆ ಎತ್ತದೆ ಉಂಡ.

ಐದು ಗಂಟೆಗೆ ಮೆಟ್ಟಿಲ ಮೇಲೆ ಹಲವು ಚಪ್ಪಲಿಗಳ ಸದ್ದಾಯಿತು. ಮುಂದೆ ಅಂಜಿನಯ್ಯನವರು, ಕಂಕುಳಲ್ಲಿ ಪ್ರೂಫು. ಹಿಂದೆ ಗುರವ್ವ, ಮೋಹನ್ ಕುಮಾರ್. ಸಿದ್ದಲಿಂಗೇಶ್ ಕಾಲಿಗೆ ಬೀಳಲು ಬಗ್ಗಿದ. ಅಂಜಿನಯ್ಯನವರು ಅರ್ಧದಲ್ಲೇ ಹಿಡಿದೆತ್ತಿ ಗಟ್ಟಿಯಾಗಿ ಅಪ್ಪಿಕೊಂಡರು.

"ಏನು ಧೈರ್ಯ ಸಾರ್, ಏನು ಪ್ರಾಮಾಣಿಕತೆ! ತನ್ನ ಬಗ್ಗೆ ತಾನೇ ಇಷ್ಟು ಬಿಚ್ಚಿ ಬರೆಯೋ ಗಂಡಸನ್ನ ನಾನು ಇವತ್ತೇ ನೋಡಿದ್ದು!"

"ನನ್ನ… ಬಗ್ಗೆನಾ?"

"ಇನ್ಯಾರ ಬಗ್ಗೆ ಸಾರ್?" ಮೋಹನ್ ಕುಮಾರ್ ಬೆರಳು ಮಡಿಸಿದರು. "ಗಿಡ್ಡ ಆಳು, ಕೆಳಗಿನ ಬಾಡಿಗೆ ಮನೆ, ರೆಕಾರ್ಡ್ ರೂಮು. ಈ ಕನ್ನಡಕದ ದಾರ ಕೂಡ ಬಿಟ್ಟಿಲ್ಲವಲ್ಲ ನೀವು!"

ಸಿದ್ದಲಿಂಗೇಶನ ಕೈ ತಾನಾಗಿ ಮೂಗಿನ ಮೇಲಕ್ಕೆ ಹೋಯಿತು. ದಾರ ಅಲ್ಲಿಯೇ ಇತ್ತು.

"ಪಾಪ ಕಣಮ್ಮ ನೀನು," ಎಂದು ಗುರವ್ವ ನೀಲಗಂಗಮ್ಮನ ಬೆನ್ನು ಸವರಿದರು. "ಇಂಥಾ ಗಂಡಂದಿರೂ ಇರ್ತಾರೆ ನೋಡು. ನಮ್ಮನೆಯವರು ಸ್ವಲ್ಪ ಮುಂಗೋಪಿ ಅಷ್ಟೇ, ನನ್ನಿಂದ ಒಂದು ಗುಂಡುಸೂಜಿ ಮುಚ್ಚಿಟ್ಟೋರಲ್ಲ."

ಅಂಜಿನಯ್ಯನವರು ಸಂಕೋಚದಿಂದ ನೆಲ ನೋಡಿದರು. ಅದು ನಾನಲ್ಲ ಎಂಬ ಮಾತು ಸಿದ್ದಲಿಂಗೇಶನ ಗಂಟಲವರೆಗೆ ಬಂತು. ಹಾಗಾದರೆ ಯಾರು ಎಂದು ಗುರವ್ವ ಕೇಳಿಯೇ ಕೇಳುತ್ತಾರೆ. ಬೆಳಿಗ್ಗೆಯ ಪೇಸ್ಟಿನ ದಾರಿಯಲ್ಲೇ ಅದನ್ನೂ ಒಳಕ್ಕೆ ಕಳಿಸಿದ.

"ಇಂಥಾ ಮನುಷ್ಯರನ್ನ ನಾನು ಮನೆ ಬಿಡಿಸ್ತೀನಾ? ತಗೊಳ್ಳಿ, ಮೂರು ವರ್ಷಕ್ಕೆ ಬರೆಸಿಕೊಂಡು ಬಂದಿದೀನಿ," ಎಂದು ಅಂಜಿನಯ್ಯನವರು ಕರಾರು ಪತ್ರ ಮುಂದಿಟ್ಟರು. ನಾಳೆ ಭಾನುವಾರವೇ ಪಾರ್ಕಿನಲ್ಲಿ, ತನ್ನ ತಪ್ಪುಗಳನ್ನೆಲ್ಲ ಒಪ್ಪಿಕೊಂಡ ಮಹನೀಯನಿಗೆ ಸನ್ಮಾನ ಎಂದು ಮೋಹನ್ ಕುಮಾರ್ ಘೋಷಿಸಿದರು. ಸಿದ್ದಲಿಂಗೇಶ್ ಸಹಿ ಹಾಕಿದ. ಮನೆ ಉಳಿಯಿತು, ಕಾದಂಬರಿಯೂ ಉಳಿಯಿತು.

ನೀಲಗಂಗಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಪೇಪರು, ಪಪ್ಪಾಯಿ ಹಾಳಾಗಿ ಹೋಗ್ಲಿ. ಕೆಂಗೇರಿ ಸೈಟು ಎಲ್ಲಿದೆ ರೀ?"

"ಅಯ್ಯೋ, ಅದು ಕಲ್ಪನೆ ಕಣೇ!"

"ಕಲ್ಪನೆನಾ? ಒಂದು ಕನ್ನಡಕ ಬೇಕಾದ್ರೂ ನಿಮ್ಮ ಮೂಗಿನದೇ ತೆಗೆದು ಹಾಕಿದೀರ. ಸೈಟು ಮಾತ್ರ ಕಲ್ಪನೆನಾ?"

ಸಿದ್ದಲಿಂಗೇಶ್ ಬಂದವರನ್ನು ಕಳಿಸುವ ನೆಪದಲ್ಲಿ ಬಾಗಿಲಿಗೆ ಹೋದ. ಅಂಜಿನಯ್ಯನವರು ಎಲ್ಲರನ್ನೂ ಮುಂದೆ ಬಿಟ್ಟು, ಪ್ರೂಫನ್ನು ಅವನ ಕೈಗಿಡುತ್ತಾ ಕಿವಿಯ ಹತ್ತಿರ ಬಾಗಿದರು.

"ಎಲ್ಲಾ ಸರಿಯಾಗಿದೆ ಸಾರ್. ನೂರಾ ಎಂಬತ್ತನೇ ಪುಟದಲ್ಲಿ ಒಂದು ತಪ್ಪಿದೆ. ಬರೀ ಸೈಟು ಅಂತ ಬರೆದಿದೀರ. ಅದು ಕಾರ್ನರ್ ಸೈಟು. ಎರಡೂ ಕಡೆ ರೋಡು."

ಮೀಸೆ ನೀವಿಕೊಂಡು ಮೆಟ್ಟಿಲು ಹತ್ತಿ ಹೋದರು.

ಸಿದ್ದಲಿಂಗೇಶ್ ಬಾಗಿಲು ಹಾಕಿದ. ಆಮೇಲೆ ಒಳಗೆ ಬಂದು ಕೂತು ನೂರಾ ಎಂಬತ್ತನೇ ಪುಟ ತೆಗೆದ. ಎಷ್ಟಾದರೂ ಕಾದಂಬರಿಕಾರ, ತಪ್ಪು ಎಂದು ಗೊತ್ತಾದ ಮೇಲೆ ತಿದ್ದದೆ ಇರಲು ಕೈ ಕೇಳಲಿಲ್ಲ. ಜೇಬಿನಿಂದ ಪೆನ್ನು ತೆಗೆದು, ಸೈಟು ಎಂಬುದರ ಹಿಂದೆ 'ಕಾರ್ನರ್' ಎಂದು ದುಂಡಗೆ ಬರೆದ.

ಹಿಂದೆ ನಿಂತು ನೋಡುತ್ತಿದ್ದ ನೀಲಗಂಗಮ್ಮ ಎರಡೂ ಕೈಗಳನ್ನು ತಲೆಯ ಮೇಲಿಟ್ಟುಕೊಂಡಳು.

"ಕಾರ್ನರ್ ಸೈಟೇನ್ರೀ ಅದು!"