ಮಾಗಡಿಗೆ ಬಂದ ಹಡಗಿನವರು

ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟು, 'ಈ ದಿನವಾದರೂ ಏನೂ ಆಗದೆ ಕಳೆದುಹೋಗಲಿ ತಂದೆ' ಎಂದು ಸೋಮೇಶ್ವರನಿಗೆ ಕೈಮುಗಿದೇ ನಾನು ಮನೆಯಿಂದ ಹೊರಡುತ್ತಿದ್ದೆ. ಅವನಿಗೆ ಕೇಳಿಸುತ್ತಿರಲಿಲ್ಲ ಎಂದು ಹೇಳಲಾರೆ. ಆದರೆ ಗುಡಿಯಲ್ಲಿ ಒಬ್ಬನೇ ಕೂತ ಅವನಿಗೂ ಹೊತ್ತು ಹೋಗಬೇಕಲ್ಲ. ನಾನು ಹಡಗಿನವರ ವ್ಯಾನು ಹತ್ತಿದ ದಿನವೆಲ್ಲ ಏನಾದರೊಂದು ಆಗಿಯೇ ತೀರುತ್ತಿತ್ತು.

ಹಡಗಿನವರು ಎಂದರೆ ದೊಡ್ಡ ಹಡಗಿನಲ್ಲಿ ದೇಶ ದೇಶ ಸುತ್ತುವ ಹೊರಗಿನ ಜನ. ಹಡಗು ಮದರಾಸಿನ ಬಂದರಿನಲ್ಲಿ ಎರಡು ಮೂರು ದಿನ ನಿಲ್ಲುತ್ತಿತ್ತು. ಅದರೊಳಗಿಂದ ಎಂಟೋ ಹತ್ತೋ ಜನ ಇಳಿದು, ರೈಲಿನಲ್ಲಿ ಬೆಂಗಳೂರಿಗೆ ಬಂದು, ಮಾರನೆಯ ದಿನ ನಮ್ಮ ಮಾಗಡಿಯ ಕೋಟೆ, ಗುಡಿ, ಕೆಂಪಾಪುರದಲ್ಲಿರುವ ನಾಡಪ್ರಭುವಿನ ಸಮಾಧಿ ನೋಡಿಕೊಂಡು ಸಾಯಂಕಾಲದ ರೈಲಿಗೆ ಹಿಂದಿರುಗುವರು. ಅವರಿಗೆ ಊರು ತೋರಿಸುವುದು ನನ್ನ ಕೆಲಸ. ಕುದೂರಿನ ಶಾಲೆಯಲ್ಲಿ ಕಲಿತ ಇಂಗ್ಲಿಷು ನನ್ನದು. ನಿಧಾನವಾಗಿ ಹೋಗುತ್ತದೆ, ಆದರೆ ಊರು ಮುಟ್ಟುತ್ತದೆ.

ಬೆಂಗಳೂರಿನ ಟ್ರಾವೆಲ್ಸ್ ಸಾಹೇಬರು ಮೊದಲ ದಿನವೇ ಹೇಳಿಬಿಟ್ಟಿದ್ದರು: "ನೋಡಿ ಯಜಮಾನ್ರೆ, ಇವರಿಗೆ ರೈಲು ತಪ್ಪಿದರೆ ಹಡಗು ತಪ್ಪುತ್ತೆ. ಹಡಗು ತಪ್ಪಿದರೆ ನಿಮ್ಮ ಮಾಗಡಿಯೂ ತಪ್ಪುತ್ತೆ. ಮುಂದಿನವರನ್ನ ಸೀದಾ ಮೈಸೂರಿಗೆ ಕಳಿಸ್ತೀನಿ."

ನನ್ನ ಅನ್ನವೂ ನಮ್ಮೂರಿನ ಮಾನವೂ ಒಂದು ರೈಲಿನ ಹೊತ್ತಿಗೆ ಕಟ್ಟುಬಿದ್ದದ್ದು ಹೀಗೆ.

ಹಡಗು ಎಲ್ಲಿ?

ಮೊದಲ ಸಲ ವ್ಯಾನು ಕುದೂರಿನ ಟೀ ಅಂಗಡಿಯ ಮುಂದೆ ನಿಂತಾಗ ಬೆಂಚಿನ ಮೇಲಿದ್ದ ಅಜ್ಜ ಒಬ್ಬರು ಇಳಿಯುವವರನ್ನೆಲ್ಲ ಮೇಲಿಂದ ಕೆಳಗೆ ನೋಡಿದರು.

"ಯಾರಪ್ಪಾ ಇವರು?"

"ಹಡಗಲ್ಲಿ ಬಂದವ್ರೆ ಕಣಜ್ಜ," ಎಂದ ನಮ್ಮ ಡ್ರೈವರು.

ಅಜ್ಜ ರಸ್ತೆಯ ಆ ಕಡೆ ನೋಡಿದರು, ಈ ಕಡೆ ನೋಡಿದರು. "ಎಲ್ಲಿ ನಿಲ್ಸವ್ರೆ?"

"ಮದ್ರಾಸಲ್ಲಿ."

"ಅಷ್ಟು ದೂರ ಯಾಕ್ಲಾ ನಿಲ್ಸಿದ್ರು? ನಮ್ ಬೈರಮಂಗಲದ ಕೆರೆ ಇರ್ನಿಲ್ವಾ?"

"ಬೆಂಗ್ಳೂರ್ ಕೊಚ್ಚೆ ತುಂಬಿರೋ ಆ ಕೆರೆ ನೊರೇಲಿ ಹಡಗು ನಿಲ್ಸಿದ್ರೆ ತಿರ್ಗಾ ಹುಡುಕೋರ್ಯಾರಜ್ಜ?"

ಅಜ್ಜ ಟೀ ಕುಡಿದು ಮುಗಿಸುವವರೆಗೂ ಯೋಚನೆ ಮಾಡಿದರು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಅಲ್ಲಾ, ಮನೆ ಮಠ ಬುಟ್ಟು ನೀರ್ ಮೇಲೆ ಓಡಾಡ್ತಾವ್ರಲ್ಲ, ಭಾಗದಲ್ಲಿ ಅಣ್ತಮ್ಮಂದ್ರು ಮೋಸ ಮಾಡುದ್ರಾ?"

ನಾನು ಇಲ್ಲವೆಂದರೂ ಅಜ್ಜ ನಂಬಲಿಲ್ಲ. ಹೊರಡುವಾಗ ಪ್ರತಿಯೊಬ್ಬರ ತಲೆಯನ್ನೂ ಸವರಿ, "ಕೋರ್ಟಿಗ್ ಹಾಕು, ಬುಡಬ್ಯಾಡ," ಎಂದು ಧೈರ್ಯ ತುಂಬಿದರು. ಹಡಗಿನವರು ಅದನ್ನು ಆಶೀರ್ವಾದವೆಂದುಕೊಂಡು ಕಾಲಿಗೆ ಬಿದ್ದರು.

ಮಡಿ

ನಮ್ಮ ಕ್ರಮವೆಂದರೆ ಮೊದಲು ಗುಡಿ, ಆಮೇಲೆ ಕೆಂಪಾಪುರದ ಸಮಾಧಿ. ಸಮಾಧಿ ಎಷ್ಟೇ ಹಳೆಯದಾಗಲಿ, ದೊಡ್ಡವರದಾಗಲಿ, ನೋಡಿ ಬಂದ ಮೇಲೆ ತಲೆಗೆ ನೀರು ಬೀಳದೆ ದೇವರ ಹೊಸಿಲು ದಾಟುವುದು ನಮ್ಮ ಮನೆತನದಲ್ಲಿಲ್ಲ. ಒಂದು ದಿನ ರಸ್ತೆ ಅಗೆದು ಹಾಕಿದ್ದರು. ಡ್ರೈವರು ಸುತ್ತಿ ಬಳಸಿ ಹೋಗಿ ಮೊದಲು ಸಮಾಧಿಯ ಮುಂದೆಯೇ ತಂದು ನಿಲ್ಲಿಸಿದ.

"ಏನಪ್ಪಾ ಹಿಂಗ್ ಮಾಡ್ದೆ?" ಎಂದೆ.

"ಸತ್ತು ನಾನೂರು ವರ್ಷ ಆಯ್ತು ಯಜಮಾನ್ರೆ. ಇನ್ನೂ ಸೂತಕ ಐತಾ?"

ಅವನ ಜೊತೆ ವಾದಕ್ಕೆ ನಿಲ್ಲಲಿಲ್ಲ. ಹಾದಿಯಲ್ಲಿ ಒಂದು ತೋಟದಲ್ಲಿ ಪಂಪ್‌ಸೆಟ್ ಓಡುತ್ತಿತ್ತು. ಕಾಲು ತೊಳೆದು, ತಲೆಗೆ ನಾಲ್ಕು ಹನಿ ಚಿಮುಕಿಸಿಕೊಂಡರೆ ಸಾಕೆಂದು ಹಡಗಿನವರಿಗೆ ನನ್ನ ಇಂಗ್ಲಿಷಿನಲ್ಲಿ ಹೇಳಿದೆ. ಏನು ತಿಳಿಯಿತೋ, ಬಿಸಿಲು ಬೇರೆ. ಒಬ್ಬ ಹೋಗಿ ಪೈಪಿನ ಕೆಳಗೆ ಕೂತ. ಅವನ ಹಿಂದೆ ಅವನ ಹೆಂಡತಿ. ಆಮೇಲೆ ಎಲ್ಲರೂ ಬಟ್ಟೆಯ ಸಮೇತ. ತೋಟದ ಯಜಮಾನ ಖುಷಿಯಾಗಿ, "ಕರೆಂಟ್ ಇರೋಗಂಟ ಇರ್ರಿ," ಎಂದುಬಿಟ್ಟ. ಒಬ್ಬರ ಚಪ್ಪಲಿ ಕಾಲುವೆಯಲ್ಲಿ ತೇಲಿಹೋಯಿತು, ಇನ್ನೊಬ್ಬರ ಕನ್ನಡಕ ಕೆಸರಿಗೆ ಬಿತ್ತು. ಹುಡುಕುವುದು, ಹಿಡಿಯುವುದು, ಎಬ್ಬಿಸುವುದು ಎಲ್ಲ ನಾನೇ. ಈ ಗಡಿಬಿಡಿಯಲ್ಲಿ ನನ್ನ ತಲೆಗೆ ನೀರು ಹಾಕಿಕೊಳ್ಳುವುದೇ ಮರೆತುಹೋಯಿತು.

ಗುಡಿಯ ಬಾಗಿಲಲ್ಲಿ ತೊಯ್ದು ತೊಪ್ಪೆಯಾಗಿ, ಕೈಮುಗಿದು ನಿಂತ ಅಷ್ಟೂ ಜನರನ್ನು ನೋಡಿ ಅರ್ಚಕರು ಕಣ್ಣಲ್ಲಿ ನೀರು ತಂದುಕೊಂಡರು. "ನಮ್ಮೋರೇ ಇಷ್ಟು ಮಡಿಯಾಗಿ ಬರೋದಿಲ್ಲ. ಬನ್ನಿ, ಬನ್ನಿ." ಎಲ್ಲರೂ ಒಳಗೆ ಹೋದರು. ಕೊನೆಯಲ್ಲಿ ನಾನು ಹೊಸಿಲಿಗೆ ಕಾಲಿಟ್ಟಾಗ ಅರ್ಚಕರು ನನ್ನ ಒಣ ತಲೆ ನೋಡಿದರು.

"ಎಲ್ಲಿಂದ ಬಂದ್ರಿ?"

"ಸಮಾಧಿಯಿಂದ."

"ಹಂಗಾದ್ರೆ ಅಲ್ಲೇ ನಿಂತ್ಕೊಳ್ಳಿ."

ಮಂಗಳಾರತಿ ಮುಗಿಯುವವರೆಗೂ ನಾನು ಅವರ ಚಪ್ಪಲಿ ಕಾಯ್ದೆ. ಆ ದಿನ ರೈಲು ಇನ್ನೇನು ಹೊರಟೇಬಿಟ್ಟಿತು ಎನ್ನುವಾಗ ಸ್ಟೇಷನ್ ಸೇರಿದೆವು. ಸಾಹೇಬರು ನನ್ನನ್ನು ಬಾಯಿಗೆ ಬಂದಂತೆ ಬಯ್ದರು.

ಟವಲಿನ ಕೆಳಗೆ

ಮುಂದಿನ ಸಲ ಬಂದವರಲ್ಲಿ ಒಬ್ಬ ಗಡ್ಡದವನಿದ್ದ. ತನ್ನ ದೇಶದಲ್ಲಿ ಗುಡ್ಡ ತುಂಬ ಕುರಿ ಸಾಕಿದವನಂತೆ. ಹಾದಿಗೆ ಕುರಿಮಂದೆ ಅಡ್ಡ ಬಂದದ್ದೇ ತಡ, ವ್ಯಾನಿಂದ ಜಿಗಿದು ಒಂದು ಟಗರನ್ನು ಹಿಡಿದು, ಬಾಯಿ ಬಿಡಿಸಿ ಹಲ್ಲು ನೋಡಿದ, ಬೆನ್ನು ಅದುಮಿದ, ಗೊರಸು ಎತ್ತಿದ.

ಕುರಿ ಕಾಯುವವನಿಗೆ ಇನ್ನೇನು ಬೇಕು? ಗಿರಾಕಿ ಸಿಕ್ಕಿದನೆಂದು ಹೆಗಲ ಟವಲು ತೆಗೆದು ಅವನ ಕೈ ಮೇಲೆ ಹೊದಿಸಿದ. ನಮ್ಮ ಸಂತೆಗಳಲ್ಲಿ ದನ ಕುರಿಯ ಬೆಲೆ ಬಾಯಲ್ಲಿ ಹೇಳುವುದಿಲ್ಲ. ಟವಲಿನ ಕೆಳಗೆ ಬೆರಳು ಹಿಡಿದು ತಿಳಿಸುತ್ತಾರೆ, ಸುತ್ತ ನಿಂತವರಿಗೆ ಗೊತ್ತಾಗಬಾರದೆಂದು. ಗಡ್ಡದವನು ಇದು ನಮ್ಮ ಕಡೆ ಕೈ ಕುಲುಕುವ ರೀತಿಯೆಂದುಕೊಂಡ. ಕುರಿಯವನು ನಾಲ್ಕು ಬೆರಳು ಹಿಡಿದ. ಇವನು ಐದೂ ಬೆರಳು ಗಟ್ಟಿಯಾಗಿ ಹಿಡಿದು, ಪ್ರೀತಿಯಿಂದ ಎರಡು ಸಲ ಕುಲುಕಿದ.

"ಯಜಮಾನ್ರೆ, ಯಾಪಾರ ಆಗೋಯ್ತು!" ಎಂದು ಕುರಿಯವನು ಹಗ್ಗವನ್ನು ಅವನ ಕೈಗೆ ಕೊಟ್ಟೇಬಿಟ್ಟ. "ನಾನ್ ಕೇಳಿದ್ದಕ್ಕಿಂತ ಮ್ಯಾಲೆ ಕೊಡೋ ಪುಣ್ಯಾತ್ಮನ್ನ ಇವತ್ತೇ ನೋಡಿದ್ದು."

ಇದು ಕೈಕುಲುಕಿದ್ದಲ್ಲ, ಕೊಂಡದ್ದು ಎಂದು ತಿಳಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಗಡ್ಡದವನು ನಕ್ಕು, ಮಾತು ಮಾತೇ ಎಂದು ದುಡ್ಡು ಕೊಟ್ಟ. ಟಗರನ್ನು ವ್ಯಾನಿಗೆ ಹತ್ತಿಸಲು ನೋಡಿದರು. ಅದು ಹತ್ತಲಿಲ್ಲ. ಡ್ರೈವರು, "ಇದು ಹತ್ತುದ್ರೆ ನಾನ್ ಇಳೀತೀನಿ," ಎಂದ. ಅರ್ಧ ಗಂಟೆಯ ಪಂಚಾಯಿತಿಯ ಮೇಲೆ, ಟಗರು ಗಡ್ಡದವನದೇ, ಆದರೆ ಮಂದೆಯಲ್ಲೇ ಇರಲಿ ಎಂದು ತೀರ್ಮಾನವಾಯಿತು.

ಈಗಲೂ ಆ ಕುರಿಯವನು ನನ್ನನ್ನು ಕಂಡರೆ ಬಿಡುವುದಿಲ್ಲ. "ಸ್ವಾಮೀ, ನಿಮ್ ದೊರೆ ಟಗರು ನಮ್ ಕುರಿಗಳ್ನೆಲ್ಲಾ ಗುಮ್ತಾ ಐತೆ. ಒಸಿ ಫೋನ್ ಮಾಡಿ ಬುದ್ಧಿ ಹೇಳ್ಸಿ. ಕನ್ನಡದಲ್ಲಿ ಬಯ್ದ್ರೆ ತಿರುಗಿ ನೋಡಕಿಲ್ಲ ಅದು."

ಎದುರಾಗಬಾರದು

ಟಗರಿನ ದಿನವೂ ತಡವಾದ ಮೇಲೆ ಸಾಹೇಬರು ಕೊನೆಯ ಮಾತು ಹೇಳಿದರು. "ಇನ್ನೊಂದೇ ಟ್ರಿಪ್ಪು. ಅದರಲ್ಲೂ ಹೀಗಾದರೆ ಮಾಗಡಿಗೆ ಕೈಮುಗೀರಿ. ನಾನೇ ಸ್ಟೇಷನ್‌ನಲ್ಲಿ ನಿಂತಿರ್ತೀನಿ."

ಆ ಕೊನೆಯ ಟ್ರಿಪ್ಪಿಗೆ ಬಂದವರು ಒಂಬತ್ತು ಜನ ಹೆಂಗಸರು. ಎಲ್ಲರೂ ರಿಟೈರಾದ ಟೀಚರುಗಳು. ಹೇಳಿದ ಹೊತ್ತಿಗೆ ಇಳಿದರು, ಹೇಳಿದ ಹೊತ್ತಿಗೆ ಹತ್ತಿದರು. ಕೋಟೆ, ಗುಡಿ, ಸಮಾಧಿ ಎಲ್ಲ ಮುಗಿದು ಇನ್ನೂ ಹೊತ್ತು ಉಳಿದಿತ್ತು. ದೇವರು ಕಣ್ಣು ಬಿಟ್ಟ ಎಂದುಕೊಳ್ಳುವಾಗ, ಎಲ್ಲರಿಗಿಂತ ಹಿರಿಯ ಟೀಚರಮ್ಮ ನನ್ನ ಭುಜ ಮುಟ್ಟಿ, ತಮಗೆ ತುರ್ತಾಗಿ ಬಾತ್‌ರೂಮಿಗೆ ಹೋಗಬೇಕೆಂದರು.

ಹತ್ತಿರದ ಹಳ್ಳಿಯಲ್ಲಿ ಒಂದು ಮನೆಯ ಮುಂದೆ ದೊಡ್ಡ ರಂಗೋಲಿ, ಬಾಗಿಲಿಗೆ ಮಾವಿನ ತೋರಣ. ಒಳ್ಳೆಯ ಮನೆಯೆಂದು ಕೇಳಿದೆ. ಮನೆಯಾತ, "ಬನ್ನಿ ಬನ್ನಿ, ಅದಕ್ಕೇನಂತೆ," ಎಂದ. ಒಬ್ಬರು ಹೋದರೆ ಎಲ್ಲರಿಗೂ ನೆನಪಾಗುವ ವಿಷಯ ಅದು. ಒಂಬತ್ತೂ ಜನ ಇಳಿದರು. ಅಷ್ಟರಲ್ಲಿ ಮನೆಯಾಕೆ ಜಮಖಾನೆ ಹಾಸಿ, ಕೇಸರಿಬಾತು ಬೋಂಡ ತಂದಿಟ್ಟು, "ಮನೆಗೆ ಬಂದೋರ್ನ ಬರೀ ಬಾಯಲ್ ಕಳ್ಸಾಕಾಯ್ತದಾ?" ಎಂದಳು.

ತಿಂದು ಎದ್ದೆವು. ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಮನೆಯಾತ ಎರಡೂ ಕೈ ಅಗಲಿಸಿ ಅಡ್ಡ ನಿಂತ.

"ಕೂತ್ಕಳಿ ಸ್ವಾಮಿ! ನನ್ ಮಗಳ್ನ ನೋಡಾಕೆ ಗಂಡಿನ ಕಡೆಯೋರು ಬೀದಿಗ್ ಬಂದವ್ರೆ. ಅವರು ಒಳೀಕೆ ಬರೋವಾಗ ನೀವು ಹೊರೀಕೆ ಎದುರಾದ್ರೆ ಅಪಶಕುನ!"

ಬೇರೆ ಯಾರಾದರೂ ಜಗಳವಾಡುತ್ತಿದ್ದರೇನೋ. ಇಂಥ ವಿಷಯದಲ್ಲಿ ನನಗೆ ಬಾಯಿಲ್ಲ. ಬೆಕ್ಕು ಅಡ್ಡ ಬಂತೆಂದು ನನ್ನ ಮದುವೆಗೇ ತಡವಾಗಿ ಹೋದವನು ನಾನು. ಎಲ್ಲರನ್ನೂ ಮತ್ತೆ ಕೂರಿಸಿದೆ.

ಗಂಡಿನವರು ಒಳಗೆ ಬಂದು, ಜಮಖಾನೆಯ ಮೇಲೆ ಸಾಲಾಗಿ ಕೂತ ಒಂಬತ್ತು ಬಿಳಿಯ ಹೆಂಗಸರನ್ನು ಕಂಡು ನಿಂತಲ್ಲೇ ನಿಂತರು.

"ಇವರೆಲ್ಲಾ ಯಾರು?" ಎಂದ ಗಂಡಿನ ಸೋದರಮಾವ.

ಮನೆಯಾತನಿಗೆ ಗಾಬರಿ. "ನಮ್ ಕಡೆಯೋರು," ಎಂದುಬಿಟ್ಟ.

ನಡೆಯುತ್ತಿರುವುದು ಏನೆಂದು ನಾನು ಹಿರಿಯ ಟೀಚರಮ್ಮನಿಗೆ ತಿಳಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು, "ಹುಡುಗ ಯಾರು? ಎದ್ದು ನಿಲ್ಲಲಿ," ಎಂದರು. ನಾನು ಕನ್ನಡದಲ್ಲಿ ಹೇಳಿದೆ. ಹುಡುಗ ಎದ್ದು ಕೈಕಟ್ಟಿ ನಿಂತ.

"ಏನು ಕೆಲಸ?"

"ರೇಷ್ಮೆ ಬೆಳೀತೀನಿ."

"ಕುಡಿಯುತ್ತಾನಾ?"

ಹುಡುಗ ಸೋದರಮಾವನ ಮುಖ ನೋಡಿದ. ಸೋದರಮಾವ ಮಾಡಿನ ತೊಲೆ ಎಣಿಸತೊಡಗಿದ.

"ಅಡಿಗೆ ಬರುತ್ತದಾ?"

"ಮುದ್ದೆ ಮಾಡ್ತೀನಿ."

"ಗಂಟಿಲ್ದಂಗಾ?" ಇದು ಪರದೆಯ ಹಿಂದಿನಿಂದ ಬಂದ ಹುಡುಗಿಯ ದನಿ.

"ಒಸಿ ಗಂಟಾಯ್ತದೆ," ಎಂದ ಹುಡುಗ, ಬೆವರು ಒರೆಸಿಕೊಂಡು.

"ಯಾವಾಗ್ಲಾ ಮುದ್ದೆ ಮಾಡ್ದೆ ನೀನು?" ಎಂದು ಅವನ ತಾಯಿ ಬಾಯಿಬಿಟ್ಟಳು.

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಸಾಹೇಬರು. "ಎಲ್ಲಿದ್ದೀರಿ?"

"ಹೆಣ್ಣು ನೋಡ್ತಾ ಇದೀವಿ ಸಾರ್."

"ಯಾರಿಗ್ರೀ?"

ನಾನು ಫೋನು ಮಡಚಿ ಜೇಬಿಗಿಟ್ಟೆ. ಹಿರಿಯ ಟೀಚರಮ್ಮ ಈಗ ಹುಡುಗಿಯತ್ತ ತಿರುಗಿ, ನೀನು ಏನಾದರೂ ಕೇಳುವುದಿದೆಯಾ ಎಂದರು. ಹುಡುಗಿ ಕಾಫಿ ತಟ್ಟೆ ಹಿಡಿದು ಈಚೆಗೆ ಬಂದಳು. ಹುಡುಗನನ್ನು ನೋಡಲಿಲ್ಲ, ನನ್ನನ್ನು ನೋಡಿ, "ಅವರ ಮನೇಲಿ ಬಾತ್‌ರೂಮು ಒಳಗೈತಾ, ಹಿತ್ಲಲ್ಲೈತಾ ಕೇಳಿ," ಎಂದಳು.

"ಹಿತ್ಲಲ್ಲಿ," ಎಂದ ಹುಡುಗ, ಸಣ್ಣ ದನಿಯಲ್ಲಿ. ನಾನು ಅದನ್ನು ಇಂಗ್ಲಿಷಿಗೆ ತಂದ ಕೂಡಲೇ ಒಂಬತ್ತೂ ಟೀಚರುಗಳು ಒಟ್ಟಿಗೆ ತಲೆಯಾಡಿಸಿದರು, ಫೇಲು ಮಾಡುವವರ ಹಾಗೆ.

"ಮುಂದಿನ ತಿಂಗಳೇ ಒಳಗೆ ಕಟ್ಟುಸ್ತೀನಿ!" ಎಂದು ಹುಡುಗ ಕೂಗಿದ.

"ಹಂಗಾದ್ರೆ ಮುಂದಿನ ತಿಂಗಳೇ ತಾಂಬೂಲಕ್ಕೆ ಬರ್ಲಿ," ಎಂದು ಹುಡುಗಿ ತಟ್ಟೆಯನ್ನು ಅವನ ಮುಂದೆ ಹಿಡಿದಳು. ಒಂಬತ್ತೂ ಜನ ಚಪ್ಪಾಳೆ ತಟ್ಟಿದರು.

ಅಲ್ಲಿಂದ ಬೆಂಗಳೂರಿನವರೆಗೆ ಡ್ರೈವರು ಹೇಗೆ ಓಡಿಸಿದನೋ ನಾನು ನೋಡಲಿಲ್ಲ, ಕಣ್ಣು ಮುಚ್ಚಿ ಶಿವಸ್ಮರಣೆ ಮಾಡುತ್ತಿದ್ದೆ. ಪ್ಲಾಟ್‌ಫಾರಮ್ಮಿಗೆ ಓಡಿ ಬಂದಾಗ ಹಸಿರು ಬಾವುಟ ಬೀಸುತ್ತಿದ್ದರು. ಸಾಹೇಬರೂ ನಾನೂ ಡ್ರೈವರೂ ಸೇರಿ ಒಬ್ಬೊಬ್ಬರನ್ನೇ ಡಬ್ಬಿಗೆ ತಳ್ಳಿದೆವು. ಅವರೆಲ್ಲ ಬಾಗಿಲಲ್ಲೇ ನಿಂತು ಸಾಹೇಬರಿಗೆ ಒಟ್ಟಿಗೆ ಏನೇನೋ ಕೂಗುತ್ತಲೇ ಇದ್ದರು. ರೈಲು ಹೋಯಿತು.

ನಾನು ತಲೆ ತಗ್ಗಿಸಿ ನಿಂತೆ. ಇನ್ನು ಮಾಗಡಿಯ ಕಥೆ ಮುಗಿಯಿತು ಎಂದುಕೊಂಡೆ. ಸಾಹೇಬರು ಬೆವರು ಒರೆಸಿಕೊಂಡರು.

"ಅವರು ಏನಂದ್ರು ಗೊತ್ತೇನ್ರೀ? ಇಡೀ ಪ್ರಯಾಣದಲ್ಲಿ ಇಂಥದ್ದು ಎಲ್ಲೂ ನೋಡಿಲ್ಲವಂತೆ. ಹಡಗಿನವರಿಗೆಲ್ಲ ಹೇಳ್ತಾರಂತೆ. ಮಾಗಡಿ ನಿಲ್ಲಿಸೋದಿಲ್ಲ. ಆದರೆ ಇನ್ನು ಮೇಲೆ ಪ್ರತಿ ಟ್ರಿಪ್ಪಿಗೂ ಒಂದು ಹೆಣ್ಣು ನೋಡೋ ಶಾಸ್ತ್ರ ಇರಲೇಬೇಕು. ಆಗುತ್ತಾ?"

"ಆಗುತ್ತೆ ಸಾರ್," ಎಂದೆ. "ಆದರೆ ಒಂದು ತೊಂದರೆ."

"ಏನು?"

"ನಮ್ಮ ಕಡೆ ಮದುವೆಗೆ ನಿಂತ ಗಂಡುಗಳನ್ನ ನೀವು ಹೇಳಿದ ದಿನ ವ್ಯಾನು ತುಂಬ ತಂದು ಕೂರಿಸ್ತೀನಿ. ಹೆಣ್ಣುಗಳನ್ನ ಮಾತ್ರ ನೀವೇ ಹಡಗಿನಲ್ಲಿ ತರಿಸಬೇಕು."