ಶಾಲೆಗೆ ಹೋಗದ ಮೇಷ್ಟರ ಮಗಳು

ಹೋಟೆಲಿನ ಮಾಲೀಕ ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗುವುದನ್ನು ಕಂಡರೆ ಗಿರಾಕಿಯ ಮನಸ್ಸಿನಲ್ಲಿ ಒಂದು ಸಣ್ಣ ಅನುಮಾನ ಏಳುತ್ತದೆ. ಡಾಕ್ಟರು ತಮ್ಮ ನೆಗಡಿಗೆ ಶುಂಠಿ ಕಷಾಯ ಕುಡಿಯುತ್ತಿದ್ದರೂ ಏಳುತ್ತದೆ. ನನ್ನ ಪಾಡು ಇವರಿಬ್ಬರಿಗಿಂತ ಕಷ್ಟದ್ದು. ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮೇಷ್ಟರು. ಮಕ್ಕಳನ್ನು ಶಾಲೆಗೆ ಕಳಿಸಿ ಎಂದು ಇಪ್ಪತ್ತೆರಡು ವರ್ಷಗಳಿಂದ ಮನೆಮನೆಯ ಬಾಗಿಲು ತಟ್ಟುತ್ತಾ ಬಂದವನು. ಜೂನ್ ತಿಂಗಳ ಮೆರವಣಿಗೆಯಲ್ಲಿ ಬ್ಯಾನರಿನ ಒಂದು ತುದಿ ಹಿಡಿದು ಘೋಷಣೆ ಕೂಗುವವನು. ನನ್ನ ಸ್ವಂತ ಮಗಳು ಶಾಲೆಗೆ ಹೋಗುವುದಿಲ್ಲ. ತಪ್ಪೊಪ್ಪಿಗೆ ಶುರು ಮಾಡಿದ ಮೇಲೆ ಪೂರ್ತಿ ಮಾಡಿಬಿಡುವುದು ಒಳ್ಳೆಯದು: ಅದಕ್ಕೆ ಮೊದಲು ಅವಳು ಹೋಗುತ್ತಿದ್ದದ್ದು ಖಾಸಗಿ ಶಾಲೆಗೆ, ಟೈ ಕಟ್ಟಿಕೊಂಡು. ಅಂದರೆ ನಾನು ಸಿಕ್ಕಿಬೀಳಲು ಯೋಗ್ಯನಾಗಿ ಬಹಳ ಕಾಲವಾಗಿತ್ತು. ಸಿಕ್ಕಿಬಿದ್ದದ್ದು ಮಾತ್ರ ತಡವಾಗಿ.

ಮಗಳ ಹೆಸರು ಇಂಚರ. ಮೂರನೇ ತರಗತಿಯಲ್ಲಿದ್ದಾಗ ಅವಳಿಗೆ ಒಂದು ವಿಚಿತ್ರ ಹೊಟ್ಟೆನೋವು ಶುರುವಾಯಿತು. ಅದು ಸೋಮವಾರ ಬೆಳಿಗ್ಗೆ ಏಳೂವರೆಗೆ ಬಂದು, ಶಾಲೆಯ ವ್ಯಾನು ನಮ್ಮ ಬೀದಿ ದಾಟಿದ ಕೂಡಲೇ ಹೋಗುತ್ತಿತ್ತು. ಆಮೇಲೆ ಮಂಗಳವಾರವೂ ಬರತೊಡಗಿತು. ನಾನು ಓಮದ ನೀರು ಕುಡಿಸಿ ನೋಡಿದೆ, ಗದರಿಯೂ ನೋಡಿದೆ. ನನ್ನ ಹೆಂಡತಿ ಗಿರಿಜಾ ಮಾತ್ರ ಎರಡು ತಿಂಗಳು ಸುಮ್ಮನೆ ಗಮನಿಸುತ್ತಿದ್ದಳು. ಮದುವೆಗೆ ಮೊದಲು ತಿ. ನರಸೀಪುರದ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವಳು ಅವಳು. ಒಂದು ದಿನ ಟೈಯನ್ನು ಮಡಿಸಿ ಬೀರುವಿನಲ್ಲಿಟ್ಟು, "ಇನ್ನು ಇವಳಿಗೆ ನಾನೇ ಮನೇಲಿ ಹೇಳಿಕೊಡ್ತೀನಿ" ಎಂದಳು. ನಾನು ಇಲಾಖೆಯ ದನಿಯಲ್ಲಿ, "ಜನ ಏನಂತಾರೆ? ನಾನು ಮೇಷ್ಟರು" ಎಂದೆ. "ನೀವು ಮೇಷ್ಟರು ಅಂತ ಅವಳ ಹೊಟ್ಟೆಗೆ ಗೊತ್ತಾಗ್ತಿಲ್ಲವಲ್ಲ" ಎಂದಳು. ಅಲ್ಲಿಗೆ ಚರ್ಚೆ ಮುಗಿಯಿತು. ಹೊಟ್ಟೆನೋವೂ ಮುಗಿಯಿತು.

ಮನೆಯ ಕಲಿಕೆ ಹೇಗಿರುತ್ತದೆಂದು ನಾನು ಕಲ್ಪಿಸಿಕೊಂಡದ್ದು ಬೇರೆಯೇ ಇತ್ತು. ಮೊದಲ ಭಾನುವಾರವೇ ಕುಳಿತು, ಬೆಳಿಗ್ಗೆ ಪ್ರಾರ್ಥನೆಯಿಂದ ಸಂಜೆ ಮಗ್ಗಿಯವರೆಗೆ ಎಂಟು ಪೀರಿಯಡ್ಡಿನ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಗಿರಿಜಾ ಅದನ್ನು ಓದಿ, ಹಿಂಬದಿ ಖಾಲಿ ಇದೆಯೆಂದು ಕಿತ್ತು ಇಂಚರಳಿಗೆ ಚಿತ್ರ ಬಿಡಿಸಲು ಕೊಟ್ಟಳು. ಅವರಿಬ್ಬರ ಪಾಠ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ನನಗೆ ಇವತ್ತಿಗೂ ಗೊತ್ತಾಗುವುದಿಲ್ಲ. ಇಡ್ಲಿಗೆ ಅಕ್ಕಿ ಎಷ್ಟು, ಉದ್ದು ಎಷ್ಟು ಎಂಬಲ್ಲಿಂದ ಅನುಪಾತಕ್ಕೆ ಹೋಗುತ್ತಾರೆ. ಸಾರಿನ ಸೊಪ್ಪಿನಿಂದ ಎಲೆಯ ನರಗಳಿಗೆ ಹೋಗುತ್ತಾರೆ. ಬಾಗಿಲಿಗೆ ಸೊಪ್ಪು ಮಾರಲು ಬರುತ್ತಿದ್ದ ಅಜ್ಜಿಯನ್ನು ಜಗಲಿಯ ಮೇಲೆ ಕೂರಿಸಿಕೊಂಡು ಹೊನಗೊನ್ನೆ, ಗಣಿಕೆ, ಅಣ್ಣೆ, ದಂಟು ಎಂದು ಇಂಚರ ಒಂದು ನೋಟ್‌ಬುಕ್ಕನ್ನೇ ತುಂಬಿಸಿದ್ದಳು. ನಾನು ಬಸ್ಸಿಗೆ ಬೇಗ ಹೊರಡುವವನಾದ್ದರಿಂದ ಆ ಅಜ್ಜಿಯ ಮುಖ ನೋಡಿದವನಲ್ಲ. ಅವರ ಸೊಪ್ಪಿನ ಬಸ್ಸಾರು ಮಾತ್ರ ಎರಡು ವರ್ಷ ಉಂಡಿದ್ದೆ.

ನನಗೂ ಒಂದು ವಿಷಯ ಕೊಟ್ಟು ನೋಡಿದರು. ಒಂದು ಭಾನುವಾರ ಕಪಿಲೆಯ ಸೇತುವೆಯ ಮೇಲೆ ನಿಂತಿದ್ದಾಗ ಇಂಚರ, "ಅಪ್ಪಾ, ಇಲ್ಲಿ ಹೋಗ್ತಿರೋ ನೀರು ನರಸೀಪುರದ ಅಜ್ಜಿ ಮನೆ ಹತ್ರ ಹೋಗೋಕೆ ಎಷ್ಟು ಹೊತ್ತು ಬೇಕು?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಶಾಲೆಯಲ್ಲಾಗಿದ್ದರೆ ಇದು ಪರೀಕ್ಷೆಗೆ ಬರುವುದಿಲ್ಲ ಎಂದು ಹೇಳಿ ಪಾರಾಗಬಹುದಿತ್ತು. ಇಲ್ಲಿ ಆ ಅನುಕೂಲವಿರಲಿಲ್ಲ. ಕೆಳಗಿಳಿದು ನೀರಿಗೆ ಒಂದು ಬಾಳೆಯ ಸಿಪ್ಪೆ ಹಾಕಿ, ದಡದಲ್ಲಿ ನೂರು ಹೆಜ್ಜೆ ಅಳೆದು, ಗಡಿಯಾರ ನೋಡಿಕೊಂಡು, ಮನೆಗೆ ಬಂದು ಗಂಭೀರವಾಗಿ ಲೆಕ್ಕ ಮಾಡಿದೆ. ನನ್ನ ಲೆಕ್ಕದ ಪ್ರಕಾರ ನೀರು ಇಲ್ಲಿಂದ ಹೊರಟು ಹನ್ನೊಂದು ನಿಮಿಷದಲ್ಲಿ ನರಸೀಪುರದ ಸಂಗಮ ತಲುಪುತ್ತಿತ್ತು. ಇಂಚರ ಸ್ವಲ್ಪ ಯೋಚಿಸಿ, "ಹಾಗಾದ್ರೆ ನಾವು ಬಸ್ಸಲ್ಲಿ ಯಾಕೆ ಹೋಗ್ತೀವಿ?" ಎಂದಳು. ಭಾಗಿಸಬೇಕಾದಲ್ಲಿ ಗುಣಿಸಿದ್ದೆನೆಂದು ಗಿರಿಜಾ ಅಡುಗೆಮನೆಯಿಂದಲೇ ಹೇಳಿದಳು. ಅಂದಿನಿಂದ ನನ್ನ ಪಾಲಿಗೆ ಪೆನ್ಸಿಲ್ ಚೂಪು ಮಾಡುವ ವಿಭಾಗವನ್ನಷ್ಟೇ ಉಳಿಸಿದ್ದಾರೆ.

ಮನೆಯಲ್ಲಿ ಇಷ್ಟಾದರೂ ಶಾಲೆಯಲ್ಲಿ ನಾನು ಸುರಕ್ಷಿತನಾಗಿದ್ದೆ. ನಮ್ಮ ಶಾಲೆ ಬಿಳಿಗೆರೆ ದಾಟಿ ಎರಡು ಮೈಲಿ ಒಳಗಿನ ಹಳ್ಳಿಯಲ್ಲಿದೆ. ನಂಜನಗೂಡಿನ ಸುದ್ದಿ ಅಲ್ಲಿಗೆ ಬರುವುದು ಕಡಿಮೆ. ಮಗಳು ಯಾವ ಶಾಲೆ ಎಂದು ಯಾರಾದರೂ ಕೇಳಿದರೆ "ಅಲ್ಲೇ, ಮನೆ ಹತ್ರ" ಎನ್ನುತ್ತಿದ್ದೆ. ಚೆನ್ನಾಗಿ ಓದ್ತಾಳಾ ಎಂದರೆ "ಟೀಚರು ತುಂಬಾ ಗಮನ ಕೊಡ್ತಾರೆ" ಎನ್ನುತ್ತಿದ್ದೆ. ಒಂದಕ್ಷರ ಸುಳ್ಳಿಲ್ಲ, ನೋಡಿ. ಸುಳ್ಳು ಹೇಳದೆ ಸುಳ್ಳಾಡುವ ಈ ಕಲೆಯಲ್ಲಿ ನಾನು ಸಾಕಷ್ಟು ಪಳಗಿದ್ದೆ.

ಹೀಗಿರುವಾಗ ಆರನೇ ತರಗತಿಯ ಪಲ್ಲವಿ ಎಂಬ ಹುಡುಗಿ ಮೂರು ವಾರದಿಂದ ಶಾಲೆಗೆ ಬಂದಿರಲಿಲ್ಲ. ಜಾಣೆ, ಕೈ ಎತ್ತದೆ ಉತ್ತರ ಗೊತ್ತಿಟ್ಟುಕೊಂಡು ಕೂರುವಂಥವಳು. ಅವಳ ತಾಯಿಗೆ ಎರಡನೇ ಹೆಣ್ಣುಮಗು ಹುಟ್ಟಿ ಎಂಟು ತಿಂಗಳಾಗಿತ್ತು, ಆಕೆ ಮತ್ತೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗತೊಡಗಿದ್ದಳು ಎಂದು ಮಕ್ಕಳು ಹೇಳಿದರು. ನಮ್ಮ ಮುಖ್ಯೋಪಾಧ್ಯಾಯಿನಿ ಮೇಡಂ ನನ್ನನ್ನು ಕರೆದು, "ನೀವು ಚೆನ್ನಾಗಿ ಮಾತಾಡ್ತೀರಿ, ಹೋಗಿ ಕರ್ಕೊಂಡು ಬನ್ನಿ" ಎಂದರು. ಹೊಗಳಿಕೆ ಎಂದುಕೊಂಡು ನಾನು, ನನ್ನ ಜೊತೆ ವಿಜ್ಞಾನದ ಮಹದೇವಸ್ವಾಮಿ ಮೇಷ್ಟರು ಹೊರಟೆವು. ಮನೆ ಶಾಲೆಯಿಂದ ನಾಲ್ಕು ಮನೆಯಾಚೆ.

ಜಗಲಿಯ ಮೇಲೆ ಪಲ್ಲವಿಯ ಅಜ್ಜಿ ಚಿಕ್ಕತಾಯಮ್ಮ ಕಾಲು ನೀಡಿ ಕುಳಿತಿದ್ದರು. ಪಲ್ಲವಿ ಸೊಂಟದ ಮೇಲೆ ಕೂಸನ್ನು ಇಟ್ಟುಕೊಂಡು ಅತ್ತಿಂದಿತ್ತ ಓಡಾಡುತ್ತಿದ್ದಳು. ನಮ್ಮನ್ನು ಕಂಡು ಒಳಗೆ ಸರಿದಳು. ನಾನು ಗಂಟಲು ಸರಿಮಾಡಿಕೊಂಡು, ಶಿಕ್ಷಣದ ಮಹತ್ವ, ಹೆಣ್ಣುಮಕ್ಕಳ ಭವಿಷ್ಯ, ಹಾಲು, ಮೊಟ್ಟೆ, ಬಿಸಿಯೂಟ, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಅಜ್ಜಿ ಪೂರ್ತಿ ಕೇಳಿದರು.

"ಚೆಂದಾಗ್ ಏಳುದ್ರಿ ಸಾ" ಎಂದರು. "ಆದ್ರ ಕೂಸ ಎತ್ಕಳರು ಯಾರು? ನನ್ ಮಂಡಿ ಓಗ್ಬುಟ್ಟದ. ಕೂತ್ರೆ ಏಳಕಾಗದಿಲ್ಲ, ಎದ್ರೆ ಕೂರಕಾಗದಿಲ್ಲ. ಅವ್ಳು ಮನೇಲೇ ಕಲ್ಕತಾಳ ಬುಡಿ."

"ಮನೆಯಲ್ಲಿ ಕಲಿಯೋಕಾಗುತ್ತೇನಮ್ಮಾ? ಮಕ್ಕಳು ಕಲಿಯೋದು ಶಾಲೇಲೇ" ಎಂದೆ ನಾನು, ಇಪ್ಪತ್ತೆರಡು ವರ್ಷದ ಅಭ್ಯಾಸಬಲದಿಂದ.

ಅಜ್ಜಿ ನನ್ನನ್ನೇ ನೋಡುತ್ತಾ ಮೆಲ್ಲಗೆ ಕೇಳಿದರು. "ನಿಮ್ ಮಗಳು ಯಾವ್ ಇಸ್ಕೂಲು ಸಾ?"

"ನಂಜನಗೂಡಲ್ಲೇ. ಮನೆ ಹತ್ರ."

"ಅತ್ರ ಅಲ್ಲ ಕಣ್ ಸಾ, ಒಳಗೇ" ಎಂದರು ಅಜ್ಜಿ. "ನಾನ್ ನಿಮ್ಮನೆಗ ಸೊಪ್ ತತ್ತಿದ್ದಾಗ ದಿನಾ ಜಗಲಿ ಮೇಲೆ ಕೂತು ಬರ್ಕತಿತ್ತಲ್ಲ, ಇಂಚರ ಅಂತ. ಅದ್ಕ ಅಣ್ಣೆ ಸೊಪ್ ಯಾವ್ದು, ಗಣಿಕೆ ಯಾವ್ದು ಅಂತ ಏಳ್ಕೊಟ್ಟವ್ಳು ನಾನೇಯ. ನಿಮ್ಮನೆಯವ್ರು ಏಳುದ್ರು, ನಮ್ ಯಜಮಾನ್ರು ನಿಮ್ಮೂರಲ್ಲೇ ಮೇಷ್ಟ್ರು ಅಂತ. ಬಾಳ ಚೂಟಿ ಮಗು. ಮನೇಲೇ ಕಲ್ತು ಅಷ್ಟು ಚೂಟಿ ಆಗದಾದ್ರ, ನಮ್ ಪಲ್ಲವಿನೂ ಆಗ್ಲಿ ಬುಡಿ."

ನನ್ನ ಪಕ್ಕದಲ್ಲಿ ಮಹದೇವಸ್ವಾಮಿ ಮೇಷ್ಟರು ಅತ್ಯಂತ ಆಸಕ್ತಿಯಿಂದ ಮನೆಯ ಹೆಂಚುಗಳನ್ನು ನೋಡುತ್ತಿದ್ದರು. ನಾನು ಅಜ್ಜಿ ಕೊಟ್ಟ ನೀರು ಕುಡಿದು ಎದ್ದು ಬಂದೆ. ಶಾಲೆಯ ಗೇಟಿನಲ್ಲಿ ಮಹದೇವಸ್ವಾಮಿ ನಿಂತು, "ಟೀಚರು ತುಂಬಾ ಗಮನ ಕೊಡ್ತಾರೆ ಅಂತಿದ್ರಲ್ಲ ಸಾ, ನಿಮ್ಮನೆ ಮೇಡಮ್ಮೋರೇ ಅನ್ನಿ" ಎಂದರು. ಮಧ್ಯಾಹ್ನದ ಊಟದ ಹೊತ್ತಿಗೆ ಅಡುಗೆಯವರಿಗೂ ಗೊತ್ತಾಗಿತ್ತು. ಮೇಡಂ ಮಾತ್ರ ನಗಲಿಲ್ಲ. "ನಿಮ್ಮ ಮಗಳ ವಿಷಯ ನಿಮ್ಮದು ಸರ್. ಆದರೆ ನಿಮ್ಮ ಹೆಸರಲ್ಲಿ ಪಲ್ಲವಿ ಮನೇಲಿ ಕೂತರೆ ನನಗೆ ನಿದ್ದೆ ಬರಲ್ಲ" ಎಂದರು. ನಕ್ಕಿದ್ದರೇ ಚೆನ್ನಾಗಿತ್ತು. ಇಷ್ಟು ವರ್ಷ ನಾನು ಎಷ್ಟು ಮಕ್ಕಳನ್ನು ಶಾಲೆಗೆ ಕರೆತಂದಿದ್ದೇನೋ ಲೆಕ್ಕವಿಟ್ಟಿಲ್ಲ. ನನ್ನಿಂದಾಗಿ ಒಬ್ಬಳು ಶಾಲೆ ಬಿಡುತ್ತಾಳೆಂಬುದನ್ನು ಮಾತ್ರ ಬಸ್ಸಿನಲ್ಲಿ ಕುಳಿತ ಮೇಲೂ ಎಣಿಸುತ್ತಿದ್ದೆ.

ಮನೆಗೆ ಬಂದು ಗಿರಿಜಾಳ ಮೇಲೆ ರೇಗಿದೆ. ಸೊಪ್ಪಿನಜ್ಜಿ ನಮ್ಮ ಶಾಲೆಯ ಊರಿನವರೆಂದು ಯಾಕೆ ಹೇಳಲಿಲ್ಲ ಎಂದೆ. ಎರಡು ಸಲ ಹೇಳಿದ್ದಳಂತೆ. ಎರಡು ಸಲವೂ ನಾನು ಪೇಪರ್ ಓದುತ್ತಾ "ಹೂಂ" ಎಂದಿದ್ದೆನಂತೆ. ಆಮೇಲೆ ನಡೆದದ್ದೆಲ್ಲ ಹೇಳಿ, "ಅಜ್ಜಿ ಕೇಳಿದ್ದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ" ಎಂದೆ. ಗಿರಿಜಾ ಹುಣಸೆಹಣ್ಣು ಕಿವುಚುವುದನ್ನು ನಿಲ್ಲಿಸಿ, "ಇದಕ್ಕೆ ಉತ್ತರ ಇಲ್ವಾ? ಇಲ್ಲಿ ಇಂಚರಳನ್ನ ನೋಡ್ಕೊಳ್ಳೋಕೆ ನಾನಿದ್ದೀನಿ. ಅಲ್ಲಿ ಪಲ್ಲವಿನೇ ಎಲ್ಲರನ್ನೂ ನೋಡ್ಕೋಬೇಕು. ಮನೇಲಿದ್ರೆ ಎರಡೂ ಒಂದೇ ಆಗ್ಬಿಡುತ್ತಾ?" ಎಂದಳು. ಇಷ್ಟೇ ಸರಳವಾದ ಮಾತು. ಹಾಲು, ಮೊಟ್ಟೆಗಳ ನಡುವೆ ನನಗೆ ಹೊಳೆದಿರಲಿಲ್ಲ.

ಮುಂದಿನ ಭಾನುವಾರ ನಾವು ಮೂವರೂ ಹೋದೆವು. ಪಲ್ಲವಿಯ ತಾಯಿ ಸವಿತಾ ಮನೆಯಲ್ಲಿದ್ದಳು. ಗಿರಿಜಾ ಶಿಕ್ಷಣದ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಅದು ಎಷ್ಟು ಹೊತ್ತಿಗೆ ಏಳುತ್ತದೆ, ಎಷ್ಟು ಹೊತ್ತಿಗೆ ಮಲಗುತ್ತದೆ, ಅಜ್ಜಿಗೆ ಯಾವ ಕಾಲು ನೋವು ಎಂದು ವಿಚಾರಿಸಿದಳು. ಇಂಚರ ಪಲ್ಲವಿಯ ಪಕ್ಕ ಕುಳಿತು, "ನೀನು ಮನೇಲಿ ಏನೇನು ಕಲಿತಿದ್ದೀಯಾ?" ಎಂದು ಕೇಳಿದಳು, ನಿಜವಾಗಿ ತಿಳಿದುಕೊಳ್ಳುವ ಆಸೆಯಿಂದಲೇ. ಪಲ್ಲವಿ ತಲೆ ತಗ್ಗಿಸಿ, "ಏನೂ ಇಲ್ಲ. ಕೂಸ್ನ ಮಲಗ್ಸದು. ಅದು ಎದ್ಮೇಲೆ ಇನ್ನೊಂದ್ಸಲ ಮಲಗ್ಸದು" ಎಂದಳು. ಎಲ್ಲರಿಗೂ ಕೇಳಿಸಿತು. ಸವಿತಾ ಸೆರಗಿನಿಂದ ಮುಖ ಒರೆಸಿಕೊಂಡು, "ನಂಗೂ ಅದೇ ಸಂಕ್ಟ ಅಕ್ಕ. ಗಾರ್ಮೆಂಟ್ಸ್ ವ್ಯಾನು ಆರೂವರೆಗೇ ಬತ್ತದ. ನಾನೇನ್ ಮಾಡ್ಲಿ?" ಎಂದಳು.

ಗಿರಿಜಾ ಕೂಸನ್ನು ಭುಜಕ್ಕೆ ಹಾಕಿಕೊಂಡು, "ಅಜ್ಜಿ, ಇಲ್ಲಿ ಜಗಲಿ ಮೇಲೆ ಕೂರೋದನ್ನ ಶಾಲೆ ಜಗಲಿ ಮೇಲೆ ಕೂತ್ರೆ ಆಗಲ್ವಾ? ಕೂಸನ್ನ ಪಕ್ಕದಲ್ಲಿ ಮಲಗಿಸ್ಕೊಳ್ಳಿ. ಎತ್ತಬೇಕು ಅಂದಾಗ ಪಲ್ಲವಿ ಎದ್ದು ಬಂದು ಎತ್ಕೋತಾಳೆ" ಎಂದಳು. ಅಜ್ಜಿ ನನ್ನ ಕಡೆ ನೋಡಿದರು, ಆಮೇಲೆ ಇಂಚರಳ ಕಡೆ. "ಬತ್ತೀನಿ. ಆದ್ರ ಮೇಷ್ಟ್ರ ಮಗಳೂ ಬರ್ಲಿ, ಒಂದ್ ವಾರನಾದ್ರೂ. ಊರೋರ್ ಮಕ್ಕ್ಳ್ಗ ಬಡ್ಸದ್ನ ಅವ್ರ್ ಮಗಳೂ ತಿಂದ್ ನೋಡ್ಲಿ" ಎಂದರು. ನಾನು ಬಾಯಿ ತೆರೆಯುವ ಮೊದಲೇ ಇಂಚರ "ಬರ್ತೀನಿ" ಎಂದುಬಿಟ್ಟಳು.

ಮೇಡಂ ಒಪ್ಪಿದರು. ಸೋಮವಾರ ನನ್ನ ಮಗಳು ನನ್ನ ಜೊತೆ ಬಸ್ಸಿನಲ್ಲಿ ಬಂದು ಆರನೇ ತರಗತಿಯಲ್ಲಿ ಪಲ್ಲವಿಯ ಪಕ್ಕ ಕುಳಿತಳು. ಹೊಟ್ಟೆನೋವು ಬರುತ್ತದೇನೋ ಎಂದು ಅಂದು ಬೆಳಿಗ್ಗೆ ಏಳೂವರೆಗೆ ಅವಳ ಮುಖವನ್ನೇ ನೋಡುತ್ತಿದ್ದೆ. ನೋವು ಬಂದದ್ದು ನನಗೆ. ಸಮಾಜ ವಿಜ್ಞಾನದ ನನ್ನ ಪೀರಿಯಡ್ಡಿನಲ್ಲಿ ನಾನು ಹೊಯ್ಸಳರ ಬಗ್ಗೆ ಹೇಳಿದೆ. ಸೋಮನಾಥಪುರ ನಮಗೆ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ. ಆದರೂ ಪುಸ್ತಕದಲ್ಲಿದ್ದದ್ದನ್ನೇ ಪುಸ್ತಕದಲ್ಲಿದ್ದಂತೆ ಹೇಳಿದೆ. ಆ ವಾರವಿಡೀ ಇಂಚರ ಒಂದು ತಕರಾರೂ ಮಾಡಲಿಲ್ಲ. ಶನಿವಾರ ಬಸ್ಸಿನಲ್ಲಿ, ಒಳಗೊಳಗೇ ಆಸೆ ಇಟ್ಟುಕೊಂಡು ಕೇಳಿದೆ. "ಹೇಗಿತ್ತು ಪುಟ್ಟೀ? ಸೇರ್ಕೋತೀಯಾ?"

"ಚೆನ್ನಾಗಿತ್ತಪ್ಪಾ. ಕಬಡ್ಡಿ ಚೆನ್ನಾಗಿತ್ತು. ಮಹದೇವಸ್ವಾಮಿ ಸರ್ ಪಾಠ ಚೆನ್ನಾಗಿತ್ತು. ಊಟಾನೂ."

"ನನ್ನದು?"

ಅವಳು ಕಿಟಕಿಯಾಚೆ ನೋಡುತ್ತಾ ಬಹಳ ಮೃದುವಾಗಿ ಹೇಳಿದಳು. "ನೀನು ಪ್ರಶ್ನೆ ಕೇಳಿ ನೀನೇ ಉತ್ತರ ಹೇಳ್ಬಿಡ್ತೀಯಪ್ಪಾ. ಪಲ್ಲವಿಗೆ ಎಲ್ಲಾ ಗೊತ್ತಿರುತ್ತೆ, ಅವಳಿಗೆ ಟೈಮೇ ಕೊಡಲ್ಲ." ಅವಳು ಅಮ್ಮನ ಬಳಿಯೇ ಓದು ಮುಂದುವರಿಸುವುದೆಂದೂ, ಶನಿವಾರ ಮಾತ್ರ ಕಬಡ್ಡಿಗೆ ಮತ್ತು ಪಲ್ಲವಿಗಾಗಿ ಬರುವುದೆಂದೂ ತೀರ್ಮಾನವಾಯಿತು. ಶನಿವಾರ ನನ್ನ ಪೀರಿಯಡ್ ಇಲ್ಲ. ಅದು ಕಾಕತಾಳೀಯವೇ ಎಂದು ನಾನು ಕೇಳಲು ಹೋಗಲಿಲ್ಲ.

ಇಂಚರ ದಿನಾ ಬರುವುದು ನಿಂತರೂ ಪಲ್ಲವಿಯದು ನಿಲ್ಲಲಿಲ್ಲ. ಚಿಕ್ಕತಾಯಮ್ಮ ಪ್ರತಿದಿನ ಹತ್ತು ಗಂಟೆಗೆ ಚಾಪೆ ಹಿಡಿದು, ಪಲ್ಲವಿ ಎತ್ತಿಕೊಂಡ ಕೂಸಿನ ಜೊತೆ ಬಂದು ಆರನೇ ತರಗತಿಯ ಕಿಟಕಿಯ ಕೆಳಗೆ ಕೂರುತ್ತಾರೆ. ಮೊದಲ ವಾರ ಕೂಸು ಅತ್ತಾಗಲೆಲ್ಲ ಪಲ್ಲವಿ ಎದ್ದು ಹೋಗುತ್ತಿದ್ದಳು. ಎರಡನೇ ವಾರದ ಹೊತ್ತಿಗೆ ನನ್ನ ಪೀರಿಯಡ್ಡಿನಲ್ಲಿ ಮಾತ್ರ ಅವಳು ಒಮ್ಮೆಯೂ ಏಳದಿರುವುದನ್ನು ಗಮನಿಸಿ ಹೆಮ್ಮೆಪಟ್ಟೆ. ಪಾಠದಲ್ಲಿ ಅಷ್ಟು ತಲ್ಲೀನಳಾಗಿದ್ದಾಳೆ ಎಂದುಕೊಂಡೆ. ಅಜ್ಜಿಯ ಹತ್ತಿರವೂ ಹೇಳಿದೆ.

"ಅದಲ್ಲ ಸಾ" ಎಂದರು ಅಜ್ಜಿ. "ನಿಮ್ ದನಿ ಕೇಳ್ತಿದ್ದಂಗೇ ಕೂಸು ನಿದ್ದ ಮಾಡ್ಬುಡ್ತದ. ಬ್ಯಾರೆ ಮೇಷ್ಟ್ರು ಬಂದ್ರ ಎದ್ಬುಡ್ತದ. ನಿಮ್ದೇ ಇನ್ನೊಂದ್ ಪೀರ್ಡು ಆಕ್ಸಿ ಸಾ, ಪುಣ್ಯ ಬತ್ತದ."

ಮೇಡಂ ಇದನ್ನು ತಮಾಷೆಯಾಗಿ ತೆಗೆದುಕೊಳ್ಳುವ ಹೆಂಗಸಲ್ಲ. ಮರುದಿನವೇ ವೇಳಾಪಟ್ಟಿ ಬದಲಾಯಿತು. ಕನ್ನಡವನ್ನೂ ನನಗೇ ಕೊಟ್ಟು, ಕೂಸು ಹಟ ಮಾಡುವ ಹನ್ನೊಂದು ಗಂಟೆಯಿಂದ ಸಾಲಾಗಿ ಎರಡು ಪೀರಿಯಡ್ ನನ್ನದೇ ಆದವು. ಪಲ್ಲವಿ ಅದಾದ ಮೇಲೆ ಒಂದು ದಿನವೂ ತಪ್ಪಿಸಿಲ್ಲ. ಮಗಳ ಮಾತು ಚುಚ್ಚುತ್ತಿತ್ತಾದ್ದರಿಂದ ಕಳೆದ ವಾರ ಧೈರ್ಯ ಮಾಡಿ, ಪುಸ್ತಕ ಮುಚ್ಚಿಟ್ಟು, ಪ್ರಶ್ನೆ ಕೇಳಿ ಕಾದೆ. ಮಕ್ಕಳು ಗಲಿಬಿಲಿಗೊಂಡರು. ಪಲ್ಲವಿ ಮೊದಲ ಸಲ ಕೈ ಎತ್ತಿ ಉತ್ತರ ಹೇಳಿದಳು. ಉತ್ಸಾಹ ಬಂದು, ದನಿ ಏರಿಸಿ, ಕೈ ಬೀಸಿ ಒಂದು ಯುದ್ಧವನ್ನೇ ವರ್ಣಿಸಿದೆ. ಹೊರಗೆ ಕೂಸು ಕಿರುಚಿಕೊಂಡು ಎದ್ದಿತು. ಕಿಟಕಿಯ ಸರಳುಗಳ ನಡುವೆ ಚಿಕ್ಕತಾಯಮ್ಮನ ಮುಖ ಕಾಣಿಸಿತು. ಮಂಡಿ ನೋವಿನಲ್ಲೂ ಎದ್ದು ನಿಂತಿದ್ದರು.

"ಸಾ" ಎಂದರು, "ಯಾವಾಗ್ಲೂ ಪಾಠ ಏಳಂಗೇ ಏಳಿ."

ನಾನು ಪುಸ್ತಕ ತೆರೆದೆ.